ಕಂಪ್ಯೂಟರ್ ಮೇಲೆ ಒಡೆದ ಕಾಯಿ

ಶಿಗ್ಗಾಂವ ಪೇಟೆಯಲ್ಲಿ ವಾಣಿಶ್ರೀಗೆ ಕಂಪ್ಯೂಟರ್ ಅಕ್ಕೋರು ಎಂದೇ ಹೆಸರು. ಅರ್ಧ ಪೇಟೆಗೆ ಕೀಬೋರ್ಡ್ ಮೇಲೆ ಬೆರಳಿಡುವುದನ್ನು ಕಲಿಸಿದವಳು. ಕಲಿತವರು ಕಲಿತದ್ದನ್ನು ಮರೆತಿರಬಹುದು, ಅಕ್ಕೋರ ಸಿಟ್ಟನ್ನು ಮರೆತಿಲ್ಲ. ಆ ಸಿಟ್ಟಿಗೂ ಒಂದು ಶಿಸ್ತಿತ್ತು: ಏರಿದಷ್ಟೂ ಮಾತಿನಲ್ಲಿ ಮರ್ಯಾದೆ ಹೆಚ್ಚುತ್ತಿತ್ತು. ‘ಬರ್ರಿ, ಕುಂದರ್ರಿ’ ಎಂದು ಎರಡು ಸಲ ಅಂದಳೆಂದರೆ ಜಾಣರು ಬಾಗಿಲು ಹುಡುಕುತ್ತಿದ್ದರು.

ಈ ಸಲ ಆಯುಧಪೂಜೆಯ ಖಂಡೇನವಮಿಗೆ ಅವಳು ಹಿರೇಕೆರೂರಿನ ತವರಿಗೆ ಹೋಗಿದ್ದಳು. ಅವಳು ಕ್ಲಾಸು ನಡೆಸುತ್ತಿದ್ದ ಮಾಳಿಗೆಯ ಕೆಳಗೆ ಕಾಳಿನ ಅಂಗಡಿ ನಡೆಸುವ ಅಜ್ಜಪ್ಪ ಅವಳ ಗಂಡನ ಅಣ್ಣ. ಪೂಜೆಗೆ ಇಟ್ಟ ಸಾಮಾನು ಹೆಚ್ಚಾದಷ್ಟೂ ದೇವರ ಕಡೆಯಿಂದ ಬರುವ ಲಾಭವೂ ಹೆಚ್ಚು ಎಂದು ನಂಬಿದ ಮನುಷ್ಯ. ತಕ್ಕಡಿ, ತೂಕದ ಕಲ್ಲು, ಚೀಲ ಹೊಲಿಯುವ ದಬ್ಬಣ, ಹೊಸ ಗಾಡಿ ಎಲ್ಲ ಆದ ಮೇಲೆ ಮಾಳಿಗೆಯಲ್ಲಿದ್ದ ಅವಳ ಹಳೆಯ ಕಂಪ್ಯೂಟರ್ ನೆನಪಾಯಿತು. ಹಮಾಲರಿಂದ ಇಳಿಸಿ ತರಿಸಿದ. ವಿಭೂತಿ ಹಚ್ಚಿ, ಹೂ ಏರಿಸಿ, ಹತ್ತಿರ ಕಲ್ಲು ಕಾಣದೆ ಅದರ ಮೂಲೆಗೇ ತೆಂಗಿನಕಾಯಿ ಬಡಿದ. ಮೂವತ್ತು ವರ್ಷದ ಪ್ಲಾಸ್ಟಿಕ್ಕು, ಒಣಗಿ ಹಪ್ಪಳವಾಗಿತ್ತು. ಮೊದಲ ಏಟಿಗೆ ಕಾಯಿ ಒಡೆಯಲಿಲ್ಲ, ಕಂಪ್ಯೂಟರ್ ಒಡೆಯಿತು.

ಮುಂಭಾಗದ ಹಲಗೆ ಮೂರು ತುಂಡಾಗಿ, ಅದನ್ನು ಪೆಟ್ಟಿಗೆಗೆ ಹಿಡಿದಿಡುವ ಕೊಂಡಿಗಳು ಕಡಲೆ ಚೀಲದೊಳಗೆ ಸಿಡಿದವು. ಅಜ್ಜಪ್ಪ ಸುಮ್ಮನಿದ್ದರೆ ಅರ್ಧ ಹಾಳು ತಪ್ಪುತ್ತಿತ್ತು. ಥಟ್ಟನೆ ಹಿಡಿಯುವ ಅಂಟು ತರಿಸಿ ತಾನೇ ಜೋಡಿಸಿದ. ಎಳ್ಳಷ್ಟು ಆಚೆಈಚೆ ಆಗಿ ಫ್ಲಾಪಿ ತೂರಿಸುವ ಸಂದು ಹಲ್ಲುನೋವಿನವನ ಬಾಯಿಯಂತೆ ಸೊಟ್ಟಗಾಯಿತು. ಅದನ್ನು ಮುಚ್ಚಲು ಬಾಗಿಲಿಗೆ ಬಳಿದು ಉಳಿದಿದ್ದ ಹಸಿರು ಎಣ್ಣೆಬಣ್ಣ, ಅದರ ಮೇಲೆ ಬಿಳಿ ಬಣ್ಣದಲ್ಲಿ ಮೂರೆಳೆ ವಿಭೂತಿ. ಕೊನೆಗೆ ಗಾಜಿನ ಕಪಾಟು ಮಾಡಿಸಿ ಬೋರ್ಡನ್ನೂ ಬರೆಸಿದ: ‘ನಮ್ಮ ಅಂಗಡಿಯ ಮೊದಲ ಕಂಪ್ಯೂಟರ್’. ದೀಪಾವಳಿಯ ಲಕ್ಷ್ಮೀಪೂಜೆಗೆ ಹಾನಗಲ್ಲು, ಸವಣೂರಿನ ವ್ಯಾಪಾರಸ್ಥರೆಲ್ಲ ಬರುತ್ತಾರೆ, ನೋಡಲಿ ಎಂದು.

ತವರಿನಿಂದ ಬಂದ ವಾಣಿಶ್ರೀ ಬಿರುಕನ್ನು ಹೇಗೋ ನುಂಗಿಕೊಂಡಳು. ಬೋರ್ಡು ಗಂಟಲಲ್ಲಿ ಇಳಿಯಲಿಲ್ಲ. ಆ ಯಂತ್ರವನ್ನು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ತಂದವಳು ಅವಳು. ಇದೇ ಭಾವ ಆಗ, ಒಂದು ಸೇರು ಜೋಳ ಅಳೆಯಲು ಬಾರದ ಡಬ್ಬಿ ಎಂದು ನಕ್ಕು, ಮಾಳಿಗೆಯ ಕರೆಂಟು ತೆಗೆಸಿದ್ದ. ಅವಳು ಪಕ್ಕದ ದಾದಾಪೀರನ ಹೊಲಿಗೆ ಅಂಗಡಿಯಿಂದ ವೈರು ಎಳೆದು ಕ್ಲಾಸು ನಡೆಸಿದಳು. ಈಗ ನೋಡಿದರೆ ‘ನಮ್ಮ’.

“ಹಚ್ಚಿ ಕೊಟ್ಟೇನಲ್ಲವ್ವಾ, ಹೊಸಾದರಂಗ ಆಗೇತಿ,” ಎಂದ ಅಜ್ಜಪ್ಪ.

“ಭಾಳ ಉಪಕಾರ ಆತ್ರಿ ಭಾವಾರ. ಒಡದದ್ದರ ತಡಕೋತಿದ್ದೆ, ನೀವು ರಿಪೇರಿ ಮಾಡಿದ್ದು ತಡ್ಯಾಕ ಆಗವಲ್ದು ನೋಡ್ರಿ.”

ಅವಳ ಗಂಡ ಚನ್ನೇಶನಿಗೆ ಅದೇ ಹೊತ್ತಿಗೆ ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರದ ಕೆಲಸ ನೆನಪಾಯಿತು. ಹೊರಟೇಬಿಟ್ಟ.

ವಾಣಿಶ್ರೀ ಪೆಟ್ಟಿಗೆಯನ್ನು ಮಾಳಿಗೆಗೆ ಹೊರಿಸಿ ಬಾಗಿಲು ಹಾಕಿಕೊಂಡಳು. ಥಿನ್ನರ್ ಸುರಿದರೆ ಬಣ್ಣದ ಜೊತೆ ಕಂಪ್ಯೂಟರಿನ ಮುಖವೂ ಕರಗುತ್ತದೆ. ಸ್ಪಿರಿಟ್ಟಿನಲ್ಲಿ ಅದ್ದಿದ ಅರಳೆಯಿಂದ ಉಜ್ಜಿ, ಉಗುರಿನಲ್ಲಿ ಕೆರೆದು ಬಣ್ಣ ತೆಗೆದಳು. ಭಾವನ ಅಂಟನ್ನು ಬ್ಲೇಡಿನಿಂದ ಗೀರಿ ಗೀರಿ ಜೋಡಣೆ ಬಿಡಿಸಿದಳು. ಒಂದೊಂದು ಗೀರಿಗೂ ಭಾವನನ್ನು ನೆನೆದಳು. ಜಪಕ್ಕೆ ಕುಳಿತವರೂ ಶಿವನನ್ನು ಅಷ್ಟು ನೆನೆಯುವುದಿಲ್ಲ. ಚೂರು ಬಿದ್ದುಹೋದ ಜಾಗಕ್ಕೆ ಅದೇ ಜಾತಿಯ ಪ್ಲಾಸ್ಟಿಕ್ಕೇ ಬೇಕು, ಪೇಟೆಯಲ್ಲಿ ಸಿಗದು. ಹಾಗಾಗಿ ಹಲಗೆಯ ಹಿಂಬದಿಯಲ್ಲಿ ಯಾರಿಗೂ ಕಾಣದ, ಬಲಕ್ಕೆಂದು ಎದ್ದುನಿಂತ ಏಣುಗಳನ್ನು ಹೆರೆದು, ಆ ಪುಡಿಯನ್ನು ಉಗುರುಬಣ್ಣ ತೆಗೆಯುವ ದ್ರವದಲ್ಲಿ ಕರಗಿಸಿ ಗಂಜಿ ಮಾಡಿ, ಕಡ್ಡಿಯ ತುದಿಯಿಂದ ಬಿರುಕಿಗೆ ತುಂಬಿದಳು. ಕಡಲೆ ಚೀಲದಿಂದ ಹೆಕ್ಕಿ ತಂದ ಕೊಂಡಿಗಳೊಳಗೆ ಸ್ಟೇಪ್ಲರ್ ಪಿನ್ನುಗಳನ್ನು ಕಾಯಿಸಿ ಕೂರಿಸಿ, ಅದರ ಮೇಲೆ ಅದೇ ಗಂಜಿ ಬಳಿದಳು. ಅದು ಆರಿ ಗಟ್ಟಿಯಾಗುವವರೆಗೆ ಮುಟ್ಟುವಂತಿಲ್ಲ. ಕಾಯುವುದು ಅವಳ ಸ್ವಭಾವವಲ್ಲ. ಕಾದಷ್ಟೂ ಸಿಟ್ಟು ಹದಕ್ಕೆ ಬಂತು.

ಲಕ್ಷ್ಮೀಪೂಜೆಯ ಹಿಂದಿನ ದಿನ ಅಜ್ಜಪ್ಪ ತಾನೇ ಏದುಸಿರು ಬಿಡುತ್ತ ಮಾಳಿಗೆ ಹತ್ತಿದ. ಕ್ಲಾಸು ನಡೆದಷ್ಟು ಕಾಲವೂ ಹತ್ತದ ಮೆಟ್ಟಿಲು ಅದು. ಹಸಿರು ಹೋಗಿ ಬಿಳುಪಿಗೆ ಬಂದ ಹಲಗೆ ನೋಡಿ, ಹಮಾಲರನ್ನು ಕಳಿಸುತ್ತೇನೆ, ಕಪಾಟು ಖಾಲಿ ಇದೆ ಎಂದ.

“ಒಯ್ರಿ,” ಎಂದಳು ವಾಣಿಶ್ರೀ. “ನಾನೂ ಬರ್ತೇನಿ. ಕಪಾಟಿನ ಬಾಜೂಕ ಕುರ್ಚಿ ಹಾಕಸ್ರಿ. ಇದು ಯಾರ್ದು, ಯಾರು ಕರೆಂಟ್ ತೆಗಸಿದ್ರು, ಯಾರು ಕಾಯಿ ಒಡದ್ರು, ಬಂದವರಿಗೆಲ್ಲ ನಾನ ಕುಂತು ಹೇಳ್ತೇನ್ರಿ.”

ಅಜ್ಜಪ್ಪ ಮನಸ್ಸಿನಲ್ಲೇ ತೂಗಿ ನೋಡಿದ. ಕಪಾಟಿನೊಳಗಿನದು ಮಾತಾಡುವುದಿಲ್ಲ, ಪಕ್ಕದ್ದು ನಿಲ್ಲಿಸುವುದಿಲ್ಲ. ವ್ಯಾಪಾರ ಗಿಟ್ಟುವ ಹಾಗಿರಲಿಲ್ಲ.

“ಇರ್ಲಿ ಬಿಡವ್ವಾ. ನಿನ್ನ ಸಾಮಾನು, ನಿನ್ನ ಹತ್ರನ ಇರ್ಲಿ. ಬೋರ್ಡ್ ತೆಗಸ್ತೇನಿ.”

ತಪ್ಪಾಯಿತು ಎಂಬ ಒಂದು ಮಾತು ಬರುತ್ತದೇನೋ ಎಂದು ಅವಳು ಕಾದಳು. ಅದು ಬರಲಿಲ್ಲ, ಕೆಳಗಿಳಿಯುವ ಚಪ್ಪಲಿಯ ಸದ್ದಷ್ಟೇ ಬಂತು. ಗೆದ್ದಿದ್ದಳು, ಸಿಟ್ಟು ಮಾತ್ರ ಇಳಿಯಲಿಲ್ಲ. ಹಲಗೆಯನ್ನೆತ್ತಿ ಪೆಟ್ಟಿಗೆಗೆ ಒತ್ತಿದಳು. ಎರಡು ಕೊಂಡಿ ಕಚ್ಚಿಕೊಂಡವು. ಮೂರನೆಯದು ಇನ್ನೂ ಹಸಿ. ಸಿಟ್ಟಿನ ಕೈಗೆ ಸಿಕ್ಕು ಟಕ್ಕೆಂದು ಮುರಿಯಿತು.

ವಾಣಿಶ್ರೀ ಅದನ್ನೂ ಭಾವನ ಲೆಕ್ಕಕ್ಕೇ ಹಾಕಿದಳು. ಆಮೇಲೆ ಹಲಗೆ ಬಿಚ್ಚಿ, ಇನ್ನೊಂದು ಏಣನ್ನು ಹೆರೆಯತೊಡಗಿದಳು.