ಕಪ್ಪೆಯ ಹುಳಕ್ಕೆ ಬೆಚ್ಚಗಿನ ನೀರು

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಯಾವಾಗಲೂ ಕೆಂಪಗಿರುತ್ತಿತ್ತು, ದಾಸವಾಳದ ಹೂವು ಹಿಸುಕಿ ಕೈ ತೊಳೆಯಲು ಮರೆತವರ ಹಾಗೆ. ಬಹರೈನಿನ ಹೂರಾ ಎಂಬ ಕೇರಿಯ ನಮ್ಮ ಕಟ್ಟಡದಲ್ಲಿ ಆ ಬೆರಳುಗಳ ಬಗ್ಗೆ ಬಗೆಬಗೆಯ ಸುದ್ದಿ. ಕದ್ದು ಎಲೆಯಡಿಕೆ ಹಾಕುತ್ತಾರೆ ಎಂದು ಕೆಳಗಿನ ಮನೆಯವರು, ಏನೋ ಚರ್ಮದ ಕಾಯಿಲೆ ಎಂದು ಮೇಲಿನ ಮನೆಯವರು. ಕೇಳಿದ್ದರೆ ಅವರೇ ಹೇಳುತ್ತಿದ್ದರಪ್ಪ, ಆದರೆ ಕೇಳುವ ಪುರುಸೊತ್ತು ಯಾರಿಗಿತ್ತು? ಅದು ಹುಳಗಳಿಗೆ ಹಾಕುವ ಬಣ್ಣ. ಕಪ್ಪೆಯ ಶ್ವಾಸಕೋಶದಲ್ಲಿ, ಕರುಳಿನಲ್ಲಿ ಬಾಳುವ ಹುಳಗಳನ್ನು ಗಾಜಿನ ಪಟ್ಟಿಯ ಮೇಲಿಟ್ಟು ನೋಡಬೇಕಾದರೆ ಮೊದಲು ಕೆಂಪು ಬಣ್ಣ ಕುಡಿಸಬೇಕಂತೆ. ಇಲ್ಲದಿದ್ದರೆ ಅವುಗಳ ಒಳಗೆ ಏನಿದೆ ಎಂದು ತಿಳಿಯುವುದಿಲ್ಲವಂತೆ.

ಅವರು ನಮ್ಮ ಎದುರು ಫ್ಲಾಟಿನ ಮಾಸ್ಟ್ರು. ಇಲ್ಲಿಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತಿದ್ದರು. ಊರಿನಲ್ಲಿದ್ದಾಗ ಘಟ್ಟದ ಬುಡದ ಕಾಲೇಜೊಂದರಲ್ಲಿ ಪಾಠ ಹೇಳುತ್ತಾ, ಹಳ್ಳದ ಕಪ್ಪೆಗಳ ಹುಳಗಳ ಮೇಲೆ ಸಂಶೋಧನೆ ಮಾಡುತ್ತಿದ್ದರಂತೆ. ಹೆಂಡತಿಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಿತೆಂದು ಅದನ್ನು ಅರ್ಧಕ್ಕೇ ಬಿಟ್ಟು ಅವರ ಹಿಂದೆ ಬಂದರು. ಗಲ್ಫಿಗೆ ಗಂಡನ ಹಿಂದೆ ಹೆಂಡತಿ ಬರುವುದನ್ನು ಕಂಡಿದ್ದೇವೆ, ಹೆಂಡತಿಯ ಹಿಂದೆ ಗಂಡ ಬಂದದ್ದನ್ನು ನಾನು ಕಂಡದ್ದು ಅವರೊಬ್ಬರನ್ನೇ. ನಾನು ಬರುವಷ್ಟರಲ್ಲಿ ಆ ಅಮ್ಮ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಮನೆಯಲ್ಲಿ ಮಾಸ್ಟ್ರು, ಒಂದು ಹಳೆಯ ಮೈಕ್ರೋಸ್ಕೋಪು, ಊರಿಂದ ಹೊತ್ತು ತಂದು ಬಿಡುವಾದಾಗಲೆಲ್ಲ ಬಣ್ಣ ಹಾಕುತ್ತಿದ್ದ ಹುಳಗಳು, ಅವುಗಳ ಗಾಜಿನ ಪಟ್ಟಿಗಳು. ಅಷ್ಟೇ ಸಂಸಾರ.

ನಾನು ಮದುವೆಯಾಗಿ ಬಂದದ್ದು ಎರಡು ಸಾವಿರದ ಐದು-ಆರರ ಸುಮಾರಿಗೆ. ನನ್ನವರಿಗೆ ಅಸ್ಕರಿನ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ. ಅವರು ಮಲಗಿದಾಗ ನಾನು ಎಚ್ಚರ, ನಾನು ಮಲಗಿದಾಗ ಅವರು ಕಂಪನಿ ಬಸ್ಸಿನಲ್ಲಿ. ಊರಿನಲ್ಲಿ ಬಾವಿಕಟ್ಟೆಯ ಮೇಲೆ ನಿಂತು ಮೂರು ಮನೆಗೆ ಕೇಳುವಂತೆ ಮಾತಾಡುತ್ತಿದ್ದವಳು ನಾನು. ಇಲ್ಲಿ ಎ.ಸಿ.ಯ ಗೊರಗೊರ ಶಬ್ದಕ್ಕೆ ಉತ್ತರ ಕೊಡುತ್ತಾ ಕೂರುವ ಹಾಗಾಯಿತು. ಗಂಡ ಒಳ್ಳೆಯವರೇ, ಆದರೆ ನಿದ್ದೆಯಲ್ಲಿರುವ ಗಂಡನ ಹತ್ತಿರ ಎಂತ ಮಾತಾಡುವುದು?

ಹಾಗಿರುವಾಗ ಒಂದು ಈದ್ ಹಬ್ಬದ ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಬಳಿ ಹಲ್ವದ ಡಬ್ಬಿ. ಹಬ್ಬಕ್ಕೆ ಅಕ್ಕಪಕ್ಕದವರಿಗೆ ಹಲ್ವ ಹಂಚುವುದು ಇಲ್ಲಿಯ ಪದ್ಧತಿ ಎಂದು ನನ್ನವರು ಹೇಳಿದ್ದರು. ಆಹಾ, ಈ ಊರಿನಲ್ಲೂ ನನ್ನ ನೆನಪಾಯಿತಲ್ಲ ಯಾರಿಗೋ ಎಂದು ಕಣ್ಣು ತುಂಬಿ ಬಂತು. ಮುಚ್ಚಳದಲ್ಲಿ ಸಣ್ಣ ಸಣ್ಣ ತೂತುಗಳಿದ್ದವು. ಹಲ್ವ ಬೆವರಬಾರದೆಂದು ಇಲ್ಲಿಯವರು ಹಾಗೆ ಮಾಡುತ್ತಾರೇನೋ ಅಂದುಕೊಂಡೆ. ಅಡುಗೆಮನೆಗೆ ಒಯ್ದು ಮುಚ್ಚಳ ತೆಗೆದದ್ದೇ ತಡ, ಒಳಗಿನ ಒದ್ದೆ ಬಟ್ಟೆಯಿಂದ ಒಂದು ಹಸಿರು ಕಪ್ಪೆ ಚಂಗನೆ ಹಾರಿ ಅನ್ನದ ಪಾತ್ರೆಯ ಮೇಲೆ ಕೂತಿತು!

ನಾನು ಕಿರುಚಿದ್ದು ಮನಾಮ ಪಟ್ಟಣಕ್ಕೆಲ್ಲ ಕೇಳಿರಬೇಕು. ಪೊರಕೆ ಎತ್ತುವಷ್ಟರಲ್ಲಿ ಎದುರು ಮನೆಯಿಂದ ಲುಂಗಿ ಬನಿಯನ್ನಿನಲ್ಲಿ ಮಾಸ್ಟ್ರು ಓಡಿ ಬಂದರು.

“ಹೊಡಿಬೇಡಿ, ಹೊಡಿಬೇಡಿ! ಅದು ನೆಂಟ! ಇವತ್ತು ವಾಪಸ್ ಬಿಟ್ಟು ಬರ್ಲಿಕ್ಕೆ ಉಂಟು!”

“ನೆಂಟನನ್ನು ನಿಮ್ಮ ಮನೆಯಲ್ಲಿ ಇಟ್ಕೊಳ್ಳಿ ಮಾಸ್ಟ್ರೆ! ನನ್ನ ಬಾಗಿಲಲ್ಲಿ ಯಾಕೆ?”

“ನಮ್ಮ ಎ.ಸಿ. ಹಾಳಾಗಿದೆ. ನಿಮ್ಮ ಬಾಗಿಲಿನ ಅಡಿಯಿಂದ ತಂಪು ಗಾಳಿ ಬರ್ತದಲ್ಲ, ಹಾಗೆ ಅಲ್ಲಿ ಇಟ್ಟೆ. ಬಿಸಿಗೆ ಸತ್ತೇ ಹೋಗ್ತಿತ್ತು ಪಾಪ.”

“ಹಲ್ವದ ಡಬ್ಬಿಯೇ ಬೇಕಿತ್ತಾ?”

“ಅದರ ಮುಚ್ಚಳ ಗಟ್ಟಿ ಮಾರಾಯ್ತಿ,” ಎಂದರು, ನನ್ನ ಅನ್ನದ ಪಾತ್ರೆಯಿಂದ ಎರಡೂ ಕೈಗಳಲ್ಲಿ ಕಪ್ಪೆಯನ್ನು ಎತ್ತಿಕೊಳ್ಳುತ್ತಾ.

ನಗು ಬಂತು. ಈ ಊರಿಗೆ ಬಂದ ಮೇಲೆ ಬಾಯಿ ಬಿಟ್ಟು ನಕ್ಕದ್ದು ಅಂದೇ ಮೊದಲು.

ಬುದಯ್ಯಾ ಕಡೆಯ ಖರ್ಜೂರದ ತೋಟವೊಂದರಲ್ಲಿ ಬುಗ್ಗೆಯ ನೀರು ಹರಿಯುವ ಕಾಲುವೆ ಇತ್ತು. ಮಾಸ್ಟ್ರ ಪಾಲಿಗೆ ಅದೇ ಹಳ್ಳ. ಮರುಭೂಮಿಯಲ್ಲಿ ಹರಿಯುವ ನೀರು, ಅದರಲ್ಲಿ ಕಪ್ಪೆ! ಮೊದಲ ಸಲ ಅದನ್ನು ಕಂಡವರು ಅವರ ಹೆಂಡತಿಯಂತೆ. ರಜೆಯ ದಿನ ಅಲ್ಲಿ ಕಾಲು ಇಳಿಬಿಟ್ಟು ಕೂತು, “ನೋಡಿ, ನಿಮ್ಮವರು ಇಲ್ಲೂ ಇದ್ದಾರೆ,” ಎಂದು ತೋರಿಸಿದ್ದರಂತೆ. ಅಂದಿನಿಂದ ಮಾಸ್ಟ್ರು ರಜೆಯಲ್ಲಿ ಅಲ್ಲಿಂದ ಒಂದು ಕಪ್ಪೆ ತರುವುದು, ಡಬ್ಬಿಯಲ್ಲಿ ಒಂದು ರಾತ್ರಿ ಇಡುವುದು, ಅದು ಹಾಕಿದ ಹಿಕ್ಕೆಯಲ್ಲಿ ಹುಳದ ಮೊಟ್ಟೆ ಇದೆಯೋ ಎಂದು ನೋಡುವುದು, ಮರುದಿನ ಹಿಡಿದ ಜಾಗದಲ್ಲೇ ಬಿಟ್ಟು ಬರುವುದು.

“ಕೊಯ್ದು ನೋಡುದು ಸುಲಭ,” ಎನ್ನುತ್ತಿದ್ದರು. “ಊರಲ್ಲಿ ತುಂಬ ಕೊಯ್ದಿದ್ದೇನೆ. ಅವಳು ಹೋದ ಮೇಲೆ ಕತ್ತರಿ ಹಿಡಿಲಿಕ್ಕೆ ಮನಸ್ಸು ಬರುದಿಲ್ಲ.”

ಹೊಟ್ಟೆಯಲ್ಲಿ ಹುಳ ಇರುವುದು ಕೆಟ್ಟದ್ದಲ್ಲವೇ, ಅದನ್ನು ಹುಡುಕಿ ಸಂತೋಷಪಡುವುದೇನು ಎಂದು ನಾನು ಮೂಗು ಮುರಿದೆ. ಅವರು ಮೇಜಿನ ಮೇಲೆ ಕೆಂಪು ಬೆರಳಿನಿಂದ ವೃತ್ತ ಬರೆದು ಪಾಠ ಮಾಡಿಯೇ ಬಿಟ್ಟರು. ಶ್ವಾಸಕೋಶದ ಚಪ್ಪಟೆ ಹುಳದ ಮೊಟ್ಟೆ ಹಿಕ್ಕೆಯ ಜೊತೆ ನೀರಿಗೆ ಬೀಳುತ್ತದೆ, ಅದನ್ನು ಬಸವನಹುಳ ತಿನ್ನುತ್ತದೆ, ಅದರೊಳಗೆ ಬೆಳೆದ ಮರಿ ಹೊರಬಂದು ಹೆಲಿಕಾಪ್ಟರ್ ಚಿಟ್ಟೆಯ ನೀರಿನ ಮರಿಯೊಳಗೆ ಸೇರುತ್ತದೆ, ಆ ಚಿಟ್ಟೆಯನ್ನು ಕಪ್ಪೆ ನುಂಗುತ್ತದೆ.

“ಕಪ್ಪೆಯಲ್ಲಿ ಈ ಹುಳ ಉಂಟು ಅಂದ್ರೆ ಬಸವನಹುಳ ಉಂಟು, ಚಿಟ್ಟೆ ಉಂಟು, ಒಳ್ಳೆ ನೀರು ಉಂಟು. ಇಡೀ ಕೇರಿಯೇ ಉಂಟು ಅಂತ ಅರ್ಥ. ಹುಳ ಅಂದ್ರೆ ಬಾಡಿಗೆದಾರ. ಒಳ್ಳೆ ಬಾಡಿಗೆದಾರ ಮನೆ ಹಾಳು ಮಾಡುದಿಲ್ಲ. ನಾವೂ ಇಲ್ಲಿ ಹಾಗೇ ಅಲ್ವಾ?”

“ನನ್ನನ್ನು ಹುಳ ಅಂತೀರಾ ಮಾಸ್ಟ್ರೆ?”

“ನಿನ್ನನ್ನು ಮಾತ್ರ ಅಲ್ಲ. ನನ್ನನ್ನೂ ಸೇರಿಸಿಯೇ.”

ಒಮ್ಮೆ ತೋಟದ ದಾರಿಯಲ್ಲಿ ಕಾರಿನ ಚಕ್ರಕ್ಕೆ ಸಿಕ್ಕಿ ಆಗಷ್ಟೇ ಸತ್ತ ಕಪ್ಪೆ ಸಿಕ್ಕಿತು. ನನ್ನವರೂ ನಾನೂ ಜೊತೆಗಿದ್ದೆವು. ಸತ್ತದ್ದಕ್ಕೆ ಕತ್ತರಿ ಹಿಡಿಯಬಹುದು ಎಂದು ಮಾಸ್ಟ್ರು ಅದನ್ನು ಮನೆಗೆ ತಂದು ಶ್ವಾಸಕೋಶ ಬಿಡಿಸಿದಾಗ ಒಳಗಿನ ಹುಳ ಇನ್ನೂ ಮಿಸುಕಾಡುತ್ತಿತ್ತು. ಸ್ಟೌವಿನ ಮೇಲೆ ಉಪ್ಪುನೀರು ಇಟ್ಟರು. ಮಗುವಿನ ಸ್ನಾನಕ್ಕೆ ನೋಡುವ ಹಾಗೆ ಬೆರಳು ಅದ್ದಿ ನೋಡಿದರು.

“ಜೀವ ಇರುವ ಹುಳವನ್ನು ಒಮ್ಮೆಲೇ ಫಾರ್ಮಲಿನ್ನಿಗೆ ಹಾಕ್ಬಾರ್ದು. ಸುರುಟಿಕೊಳ್ತದೆ. ಮತ್ತೆ ಎಂತ ಮಾಡಿದ್ರೂ ಬಿಡಿಸ್ಲಿಕ್ಕೆ ಆಗುದಿಲ್ಲ. ಮೊದಲು ಬೆಚ್ಚಗಿನ ನೀರು.” ಸ್ಟೌ ಆರಿಸಿ, “ನನ್ನನ್ನು ಒಮ್ಮೆಲೇ ಹಾಕಿದ್ರು,” ಎಂದರು.

ಹೆಂಡತಿಗೆ ಜ್ವರವೆಂದು ಆಸ್ಪತ್ರೆಗೆ ಸೇರಿಸಿದ್ದರಂತೆ. ಬಟ್ಟೆ ತರಲು ಮನೆಗೆ ಹೋಗಿ ಬಂದವರ ಮುಂದೆ ಆಸ್ಪತ್ರೆಯ ಕಚೇರಿಯ ಯಾರೋ ಒಬ್ಬ ಕಾಗದ ಹಿಡಿದು, ಶವ ಪಡೆಯಲು ಇಲ್ಲಿ ಸಹಿ ಹಾಕಿ ಅಂದನಂತೆ. ಸತ್ತಿದ್ದಾಳೆಂದು ಹೇಳಿದವರೇ ಇಲ್ಲ, ನೇರವಾಗಿ ಸಹಿ. ಮಾಸ್ಟ್ರು ಅವನನ್ನು ಬೈಯಲಿಲ್ಲ. ನಾನು ಬೈದೆ, ಬಾಯಿ ತುಂಬ ಬೈದೆ. ಅಂಥವರ ನಾಲಿಗೆಗೆ ಬರೆ ಹಾಕಬೇಕು ಎಂದೆ. ಅವರು ಹುಳವನ್ನು ಬೆಚ್ಚಗಿನ ನೀರಿನಲ್ಲಿ ಕುಂಚದಿಂದ ಮೆಲ್ಲಗೆ ಸವರುತ್ತಾ ಇದ್ದರು.

ಮರುವರ್ಷ ನನ್ನ ಹೊಟ್ಟೆಯಲ್ಲಿದ್ದ ಮಗು ನಿಲ್ಲಲಿಲ್ಲ. ಊರಿಂದ ಬಂದ ಫೋನುಗಳಲ್ಲಿ ಒಂದೇ ಮಾತು, “ಹೋಗ್ಲಿ ಬಿಡು, ಇನ್ನೊಂದು ಆಗ್ತದೆ.” ಕಟ್ಟಡದ ಹೆಂಗಸರು ಒಂದು ಸಲ ಬಂದು ಹೋದರು. ನನ್ನವರು ರಜೆ ಮುಗಿದು ಶಿಫ್ಟಿಗೆ ಹೋದರು. ನಾನು ಗೋಡೆಗೆ ಮುಖ ಮಾಡಿ ಮುದುಡಿ ಮಲಗಿದೆ. ಅಯ್ಯೋ, ಅಷ್ಟು ಮಾತಿನವಳಿಗೆ ಒಂದು ಶಬ್ದವೂ ಹೊರಡುತ್ತಿರಲಿಲ್ಲ.

ಮಾಸ್ಟ್ರು ಬಂದರು. ಸಮಾಧಾನದ ಒಂದು ಮಾತೂ ಆಡಲಿಲ್ಲ. ಬಿಸಿ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ ಮೇಜಿನ ಮೇಲಿಟ್ಟು, ನಾನು ಉಣ್ಣುವವರೆಗೆ ಪೇಪರು ಓದುತ್ತಾ ಕೂತು, ತಟ್ಟೆ ತೊಳೆದಿಟ್ಟು ಹೋದರು. ಮರುದಿನವೂ ಹಾಗೇ. ಕೆಲವು ದಿನ ಕಳೆದ ಮೇಲೆ ಮೈಕ್ರೋಸ್ಕೋಪನ್ನೇ ಹೊತ್ತು ತಂದು ನಮ್ಮ ಊಟದ ಮೇಜಿನ ಮೇಲಿಟ್ಟರು.

“ಯಾಕೋ ನನಗೆ ಕಣ್ಣು ಮಂಜು ಮಂಜು. ಮೊಟ್ಟೆ ಉಂಟಾ ನೋಡಿ ಹೇಳು. ಕಂದು ಬಣ್ಣ, ಗಸಗಸೆ ಹಾಗೆ.”

ನಾನು ಒಲ್ಲದ ಮನಸ್ಸಿನಿಂದ ಕಣ್ಣಿಟ್ಟೆ. ಮೊದಲು ಬರೀ ಬೆಳಕು. ಆಮೇಲೆ ಕಸದ ನಡುವೆ ಚಿನ್ನದ ಹುಡಿಯಂತೆ ಅವು ಕಂಡವು. “ಉಂಟು ಮಾಸ್ಟ್ರೆ,” ಎಂದೆ. ಎಷ್ಟೋ ದಿನಗಳ ನಂತರ ನನ್ನ ಬಾಯಿಂದ ಬಂದ ಮಾತು ಅದು. ಆಮೇಲೆ ಅತ್ತೆ, ಗಂಟಲು ಹರಿಯುವಷ್ಟು ಅತ್ತೆ. ಅವರು ಎದ್ದು ಹೋಗಿ ಚಾ ಮಾಡಿ ತಂದರು. ಆಗ ಅವರ ಕಣ್ಣಿಗೆ ಏನೂ ಆಗಿರಲಿಲ್ಲ ಎಂದು ಗೊತ್ತಾಗಿದ್ದು ಬಹಳ ಕಾಲದ ಮೇಲೆ, ಹೊಸ ಕನ್ನಡಕಕ್ಕೆಂದು ಅವರನ್ನು ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದಾಗ. ಪೊರೆ ಬರಲು ಈಗಷ್ಟೇ ಶುರುವಾಗಿದೆ ಎಂದರು ಡಾಕ್ಟರು. ನಾನು ಮಾಸ್ಟ್ರ ಮುಖ ನೋಡಿದೆ. ಅವರು ಗೋಡೆಯ ಮೇಲಿನ ಅಕ್ಷರಗಳನ್ನು ನೋಡುತ್ತಿದ್ದರು.

ಅಂದಿನಿಂದ ಮೊಟ್ಟೆ ನೋಡುವ ಕೆಲಸ ನನ್ನದೇ ಆಯಿತು. ಮುದುಕನ ಜೊತೆ ಕಪ್ಪೆ ಕಾಯುತ್ತಾಳೆ ಎಂದು ಕಟ್ಟಡದಲ್ಲಿ ಆಡಿಕೊಂಡರು. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಖಲ್ಲಿ ವಲ್ಲಿ, ಹೋಗಲಿ ಬಿಡಿ ಎಂದು ಇಲ್ಲಿಯವರು ಅನ್ನುವ ಹಾಗೆ ನಾನೂ ಅಂದೆ.

ಆದರೆ ವರ್ಷ ಕಳೆದಂತೆ ಬುಗ್ಗೆ ಸೊರಗಿತು. ಮೊಣಕಾಲಿನವರೆಗಿದ್ದ ನೀರು ಪಾದಕ್ಕೆ ಇಳಿಯಿತು, ಆಮೇಲೆ ಬರೀ ಕೆಸರು. ಒಂದು ದಿನ ತೋಟ ನೋಡಿಕೊಳ್ಳುವ ಬಂಗಾಳಿ, “ಮಾಸ್ಟರ್ ಸಾಬ್, ಪಾನಿ ಖಲಾಸ್,” ಎಂದ. ಗಿಡಗಳಿಗೆ ಟ್ಯಾಂಕರಿನ ನೀರು ಬರತೊಡಗಿತು. ಹೆಲಿಕಾಪ್ಟರ್ ಚಿಟ್ಟೆಗಳು ಕಾಣದೆ ಎಷ್ಟೋ ಕಾಲವಾಗಿತ್ತು.

ಅದೇ ಹೊತ್ತಿಗೆ ಮಾಸ್ಟ್ರ ನಿವೃತ್ತಿಯೂ ಬಂತು. ಕೆಲಸ ಮುಗಿದರೆ ವೀಸಾ ಮುಗಿಯಿತು, ವೀಸಾ ಮುಗಿದರೆ ಈ ಊರಿನ ಋಣ ಮುಗಿಯಿತು. ಊರಿನಲ್ಲಿ ತಂಗಿಯ ಮನೆಗೆ ಹೋಗುವುದೆಂದಾಯಿತು. ಅವರು ಒಂದೇ ಒಂದು ಆಸೆ ಹೇಳಿದರು.

“ಹೋಗುವ ಮೊದಲು ಒಂದು ಮೊಟ್ಟೆ ಕಂಡ್ರೆ ಸಾಕು. ಅವಳು ಕಾಲಿಟ್ಟ ನೀರು ಎಲ್ಲೋ ಒಂದು ಕಡೆ ಬದುಕಿ ಉಂಟು ಅಂತ ಗೊತ್ತಾದ್ರೆ, ಅವಳನ್ನು ಇಲ್ಲಿಯ ಮಣ್ಣಲ್ಲಿ ಬಿಟ್ಟು ಹೋಗ್ಲಿಕ್ಕೆ ಧೈರ್ಯ ಬರ್ತದೆ.”

ಹೊರಡುವ ವಾರ ನನ್ನವರು ಕಾರು ತೆಗೆದರು. ಕಾಲುವೆಯಲ್ಲಿ ಒಣ ಗರಿಗಳು ಬಿದ್ದಿದ್ದವು. ಪಂಪಿನ ಪಕ್ಕದ ಸಿಮೆಂಟಿನ ತೊಟ್ಟಿಯಲ್ಲಿ ಒಂದೇ ಒಂದು ಕಪ್ಪೆ ಕೂತಿತ್ತು. ಅದನ್ನೇ ಹಲ್ವದ ಡಬ್ಬಿಯಲ್ಲಿ ತಂದೆವು. ಮರುದಿನ ಬೆಳಿಗ್ಗೆ ನಾನು ಮೈಕ್ರೋಸ್ಕೋಪಿನ ಮುಂದೆ ಕೂತೆ. ಮಾಸ್ಟ್ರಿಗೆ ಆಗ ನಿಜವಾಗಿಯೂ ಕಣ್ಣು ಕಾಣುತ್ತಿರಲಿಲ್ಲ. ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಅವರ ಉಸಿರು ನನ್ನ ತಲೆಗೆ ತಾಗುತ್ತಿತ್ತು.

ಪಟ್ಟಿಯನ್ನು ಈ ತುದಿಯಿಂದ ಆ ತುದಿಗೆ ಸರಿಸಿದೆ. ಮತ್ತೊಂದು ಪಟ್ಟಿ, ಇನ್ನೊಂದು. ಒಂದಾದರೂ ಇರಬಾರದೇ ದೇವರೇ ಎಂದು ಬೇಡಿದೆ. ಹುಳದ ಮೊಟ್ಟೆಗಾಗಿ ದೇವರಿಗೆ ಕೈಮುಗಿದವಳು ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು. ಇರಲಿಲ್ಲ.

“ಉಂಟಾ?” ಎಂದು ಕೇಳಿದರು.

ಉಂಟು ಅಂದುಬಿಡಬಹುದಿತ್ತು, ಅವರಿಗೆ ತಿಳಿಯುತ್ತಿರಲಿಲ್ಲ. ಕುರ್ಚಿಯಿಂದ ಎದ್ದೆ. “ನೀವು ಮೊದಲು ಕೂತ್ಕೊಳ್ಳಿ ಮಾಸ್ಟ್ರೆ,” ಎಂದು ಅವರನ್ನು ಸೋಫಾದ ಮೇಲೆ ಕೂರಿಸಿದೆ. ಶುಂಠಿ ಜಜ್ಜಿ ಹಾಕಿ ಚಾ ಮಾಡಿದೆ. ಲೋಟವನ್ನು ಅವರ ಕೈಗೆ ಕೊಟ್ಟು ಪಕ್ಕದಲ್ಲಿ ಕೂತೆ. ಅವರು ಒಂದು ಗುಟುಕು ಕುಡಿದರು. ಬೆರಳಿನ ಕೆಂಪು ಮಾಸಿ ಬರೀ ನೆರಳಿನಷ್ಟು ಉಳಿದಿತ್ತು.

“ನನಗೇ ಬೆಚ್ಚಗಿನ ನೀರಾ ಮಾರಾಯ್ತಿ?”

“ಹೌದು ಮಾಸ್ಟ್ರೆ.”

“ಹಾಗಾದ್ರೆ ಇಲ್ಲ.”

“ಇಲ್ಲ.”

ಚಾ ಪೂರ್ತಿ ಕುಡಿದರು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳದ ಮೇಲೆ ಕೈಯಾಡಿಸಿದರು. “ಪಾಪ ಇದು,” ಎಂದರು. “ಹೊರಗೂ ಯಾರೂ ಇಲ್ಲ, ಒಳಗೂ ಯಾರೂ ಇಲ್ಲ.” ಆ ಮಾತನ್ನು ಅವರು ಕಪ್ಪೆಯ ಬಗ್ಗೆಯೇ ಹೇಳಿದ್ದು. ನಾನು ಖಾಲಿ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಮಧ್ಯಾಹ್ನ ಹೋಗಿ ಅದನ್ನು ಅದೇ ತೊಟ್ಟಿಗೆ ಬಿಟ್ಟು ಬಂದೆವು. ಆ ವಾರವೇ ಅವರು ಹೊರಟರು. ಏರ್‌ಪೋರ್ಟಿನಲ್ಲಿ ಹಲ್ವದ ಖಾಲಿ ಡಬ್ಬಿಯನ್ನು ನನ್ನ ಕೈಗಿತ್ತು, “ಮುಚ್ಚಳ ಇನ್ನೂ ಗಟ್ಟಿ ಉಂಟು,” ಎಂದರು.

ಆಮೇಲೆ ನಾವು ಜುಫೈರಿನ ಎತ್ತರದ ಕಟ್ಟಡಕ್ಕೆ ಬಂದೆವು. ಇಲ್ಲಿ ಎದುರು ಮನೆಯ ಬಾಗಿಲು ತೆರೆದದ್ದನ್ನು ನಾನು ಇಂದಿಗೂ ನೋಡಿಲ್ಲ. ಶುಕ್ರವಾರಗಳಲ್ಲಿ ಮಾಸ್ಟ್ರು ಫೋನು ಮಾಡುತ್ತಿದ್ದರು. ತಂಗಿಯ ಮನೆಯ ಹಿಂದೆ ಹಳ್ಳ ಉಂಟು, ಇಳಿಯಲು ಕಾಲು ಬಾರದು, ಕಪ್ಪೆಗಳ ಕೂಗು ಮಾತ್ರ ಕೇಳುತ್ತದೆ ಎನ್ನುತ್ತಿದ್ದರು. “ಹುಳ ಇರ್ಬಹುದು ಮಾಸ್ಟ್ರೆ ಅವುಗಳಲ್ಲಿ,” ಎಂದರೆ, “ಖಂಡಿತ ಉಂಟು, ಕೂಗಿನಲ್ಲೇ ಗೊತ್ತಾಗ್ತದೆ,” ಎಂದು ನಗುತ್ತಿದ್ದರು. ಕೂಗಿನಲ್ಲಿ ಗೊತ್ತಾಗುವುದೆಲ್ಲ ಸುಳ್ಳು ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಒಂದು ಶುಕ್ರವಾರ ಬೆಳಿಗ್ಗೆ ಅವರ ನಂಬರಿನಿಂದಲೇ ಫೋನು ಬಂತು. ಮಾತಾಡಿದ್ದು ಅವರ ತಂಗಿಯ ಮಗ. ಅವನ ಸ್ವರವನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

“ಅಕ್ಕಾ, ನೀವು ಕೂತಿದ್ದೀರಾ, ನಿಂತಿದ್ದೀರಾ?”

“ಯಾಕೆ ಮಗಾ? ಮಾಸ್ಟ್ರು ಎಲ್ಲಿ?”

“ಹೇಳ್ತೇನೆ ಅಕ್ಕಾ. ಮೊದಲು ಒಂದು ಚಾ ಇಡಿ. ನಾನು ಫೋನಿನಲ್ಲೇ ಇರ್ತೇನೆ. ನಿಮಗೆ ಒಮ್ಮೆಲೇ ಹೇಳ್ಬಾರ್ದು ಅಂತ ಮಾವ ಮೊದಲೇ ಹೇಳಿಟ್ಟಿದ್ರು.”

ನಾನು ಪಾತ್ರೆಗೆ ನೀರು ಸುರಿದು ಒಲೆ ಹಚ್ಚಿದೆ. ಆ ಕಡೆ ಅವನು ಕಾಯುತ್ತಿದ್ದ. ಅವನ ಹಿಂದೆ ಎಲ್ಲೋ ಕಪ್ಪೆಗಳು ಕೂಗುತ್ತಿದ್ದವು.

“ನೀರು ಬಿಸಿಯಾಯ್ತಾ ಅಕ್ಕಾ?” ಎಂದು ಕೇಳಿದ.

ಬೆರಳು ಅದ್ದಿ ನೋಡಿದೆ.

“ಬೆಚ್ಚಗಾಯ್ತು ಮಗಾ,” ಎಂದೆ. “ಇನ್ನು ಹೇಳು.”