ಅಂಧೇರಿಯ ಅಂಗಳದಲ್ಲಿ ತಂಗಿಯ ಹಾಡು

ಶನಿವಾರ ಮಧ್ಯಾಹ್ನ ದಾದರ್ ಗಾಡಿ ಧಾರವಾಡಕ್ಕೆ ಇಪ್ಪತ್ತು ನಿಮಿಷ ತಡವಾಗಿ ಬಂತು. ಆ ಇಪ್ಪತ್ತು ನಿಮಿಷದಲ್ಲಿ ನಾನು ಮೂರು ಸಲ ಮನೆಗೆ ತಿರುಗಿ ಹೋಗುವ ಯೋಚನೆ ಮಾಡಿದೆ. ಸ್ಲೀಪರ್ ಟಿಕೀಟು ಮುನ್ನೂರ ಚಿಲ್ಲರೆ. ಹೋದರೆ ಹೋಗಲಿ ಅನಿಸಿತ್ತು. ಮನೆಯವರು ಬ್ಯಾಗನ್ನು ಸೀಟಿನ ಕೆಳಗೆ ತಳ್ಳಿ ನನ್ನ ಮುಖ ನೋಡಿದರು. “ಹೋಗಿ ಕೇಳಿ ಬಾ. ಕೇಳಾಕ ದನಿ ಬೇಕಾಗಿಲ್ಲ,” ಎಂದು ಹೇಳಿ ಇಳಿದುಹೋದರು.

ನಾನು ಹೊರಟಿದ್ದು ನನ್ನ ತಂಗಿ ಸುಮತಿಯ ಹಾಡು ಕೇಳಲು. ಅವಳು ಬೊರಿವಲಿಯ ಒಂದು ಶಾಲೆಯಲ್ಲಿ ಟೀಚರು. ಐವತ್ತನಾಲ್ಕು ದಾಟಿದ ಮೇಲೆ, ತನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಬ್ಯಾಂಡ್ ಸೇರಿಕೊಂಡಿದ್ದಳು. ಗಿಟಾರು, ಡ್ರಮ್ಮು, ನಡುವೆ ಕಾಟನ್ ಸೀರೆಯ ನನ್ನ ತಂಗಿ. ಅಂಧೇರಿಯಲ್ಲಿ ಹಳೇ ಛಾಪಖಾನೆಯೊಂದರ ಅಂಗಳದಲ್ಲಿ ತಿಂಗಳಿಗೊಮ್ಮೆ ಇವರ ಕಾರ್ಯಕ್ರಮ ಇರುತ್ತಿತ್ತು. ಎರಡು ವರ್ಷದಿಂದ ಕರೆಯುತ್ತಿದ್ದಳು, ನಾನು ಏನೋ ಒಂದು ನೆಪ ಹೇಳುತ್ತಿದ್ದೆ. ಈ ಸಲ ಫೋನಿನಲ್ಲಿ, “ಅಕ್ಕಾ, ನಮ್ಮ ನೀರಿನ ಹಾಡು ಹಾಡಾಕತ್ತೀನಿ. ನಿನ್ನ ಒಂದು ಮಾತು ಕೇಳೂದೈತಿ, ಫೋನಿನಾಗ ಕೇಳಾಕ ಬರೂದಿಲ್ಲ,” ಎಂದಳು. ಆಮೇಲೆ ಇಲ್ಲ ಅನ್ನುವುದು ನನ್ನಿಂದ ಆಗಲಿಲ್ಲ.

ನೆಪ ಯಾಕೆ ಹೇಳುತ್ತಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ. ಹದಿನಾಲ್ಕು ವರ್ಷದ ಹಿಂದೆ ಮುಂಬೈಯಲ್ಲೇ ನನ್ನ ಥೈರಾಯ್ಡ್ ಗಂಟು ತೆಗೆದರು. ಗಂಟು ಕೆಟ್ಟದ್ದಾಗಿರಲಿಲ್ಲ, ಜೀವಕ್ಕೇನೂ ಆಗಲಿಲ್ಲ. ದನಿಯ ನರಕ್ಕೆ ಪೆಟ್ಟು ಬಿತ್ತು. ಹಾಗಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅಲ್ಲಿಯವರೆಗೆ ನಾನು ಫೋರ್ಟಿನ ಒಂದು ಆಫೀಸಿನಲ್ಲಿ ಟೆಲಿಫೋನ್ ಆಪರೇಟರ್. ಗಣಪತಿ ಹಬ್ಬದಲ್ಲಿ ನಾಲ್ಕು ಕಡೆ ನನ್ನ ಹಾಡು ಇರುತ್ತಿತ್ತು. ಆಪರೇಶನ್ ಆದಮೇಲೆ ಉಳಿದದ್ದು ಹರಿದ ಬಟ್ಟೆಯಂಥ ಒಂದು ಪಿಸುದನಿ. ಕೆಲಸ ಬಿಟ್ಟೆ, ಧಾರವಾಡಕ್ಕೆ ಬಂದೆವು. ಹಾಡು ಕೇಳುವುದನ್ನೂ ಬಿಟ್ಟೆ. ತಂಗಿಯ ಹಾಡನ್ನಂತೂ ಕೇಳಲೇ ಇಲ್ಲ.

ಮೀರಜಿನಲ್ಲಿ ಕತ್ತಲಾಯಿತು. ರೊಟ್ಟಿ, ಶೇಂಗಾ ಚಟ್ನಿ ತಿಂದು ಮಲಗಿದೆ. ಎದ್ದಾಗ ಕಲ್ಯಾಣ ದಾಟಿತ್ತು. ಧಾರವಾಡದ ಚಳಿಗೆ ಹಾಕಿಕೊಂಡಿದ್ದ ಸ್ವೆಟರು ಮೈಮೇಲೆ ಭಾರವಾಗಿ ಬೆವರು ಬರುತ್ತಿತ್ತು. ದಾದರಿನಲ್ಲಿ ಇಳಿದು ದೊಡ್ಡ ಸೇತುವೆ ಹತ್ತಿದರೆ, ಆ ಕಡೆಯ ಹೂವಿನ ಮಾರ್ಕೆಟ್ಟಿನಿಂದ ಬಂದ ಹೆಂಗಸರು ಚೆಂಡುಹೂವಿನ ಮೂಟೆ ಹೊತ್ತು ನಡೆಯುತ್ತಿದ್ದರು. ಅವರ ನಡುವೆ ಸುಮತಿ ನಿಂತಿದ್ದಳು.

“ಭಾಳ ಸೊರಗೀಯಲ್ಲ ಅಕ್ಕಾ,” ಎಂದು ಬ್ಯಾಗು ಕಿತ್ತುಕೊಂಡಳು.

“ನೀ ದಪ್ಪಗಾಗೀದಿ. ಇಬ್ಬರದೂ ಸೇರಿ ಮೊದಲಿನಷ್ಟ ಐತಿ,” ಎಂದೆ. ಗದ್ದಲದಲ್ಲಿ ನನ್ನ ದನಿ ಅವಳಿಗೆ ಮುಟ್ಟಲಿಲ್ಲ. ತುಟಿ ನೋಡಿ ತಿಳಿದುಕೊಂಡು ನಕ್ಕಳು.

ಬೊರಿವಲಿಗೆ ಹತ್ತು ರೂಪಾಯಿ ಟಿಕೀಟು. ರವಿವಾರದ ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಪಕ್ಕದಲ್ಲೇ ಜಾಗ ಸಿಕ್ಕಿತು. ಮದುವೆಯಾದ ಮೇಲೆ ನಾವಿಬ್ಬರೂ ಬೊರಿವಲಿಯಲ್ಲೇ ಇದ್ದೆವು, ಇದೇ ಲೈನಿನಲ್ಲಿ ವರ್ಷಗಟ್ಟಲೆ ಚರ್ಚ್‌ಗೇಟಿಗೆ ಓಡಾಡಿದ್ದೆವು. ಸುಮತಿಯ ಶಾಲೆಯೂ ಆಗ ಆ ಕಡೆಯೇ ಇತ್ತು. ನೀರಿನ ಹಾಡು ಬೆಳೆದದ್ದು ಈ ಡಬ್ಬಿಯಲ್ಲಿ. ಹುಟ್ಟಿದ್ದು ಮಾತ್ರ ಪರೇಲಿನ ಚಾಳಿನಲ್ಲಿ. ಅಪ್ಪ ಅಲ್ಲಿಯ ಮಿಲ್ಲಿನಲ್ಲಿದ್ದ. ಬೆಳಗಿನ ಜಾವ ನಲ್ಲಿ ನೀರಿಗೆ ಪಾಳಿ ಹಚ್ಚಬೇಕಿತ್ತು. ಸುಮತಿ ಕೆಳಗೆ ಅಂಗಳದಲ್ಲಿ ಕೊಡ ಕಾಯುತ್ತ ಕೂತರೆ ನಾನು ಮೂರನೇ ಮಾಳಿಗೆಯಿಂದ ಕೂಗುತ್ತಿದ್ದೆ: “ನೀರು ಬಂತೇನ ತಂಗೀ, ನೀರು ಬಂತೇನ?” ಅವಳು ಕೆಳಗಿನಿಂದ: “ಬರಲಿಲ್ಲಕ್ಕಾ, ಇನ್ನೂ ಬರಲಿಲ್ಲ.” ಕೂಗಿಗೆ ನಾನೇ ಒಂದು ಧಾಟಿ ಕೂಡಿಸಿದೆ. ಮುಂದೆ ರೈಲಿನಲ್ಲಿ ನುಡಿಗಳು ಹೆಚ್ಚಾದವು. ಅಕ್ಕ ಕೇಳಬೇಕು, ತಂಗಿ ಉತ್ತರ ಕೊಡಬೇಕು. ಕನ್ನಡ ಬಾರದ ಮರಾಠಿ ಹೆಂಗಸರು ಕೂಡ ಚಪ್ಪಾಳೆ ಹಾಕುತ್ತಿದ್ದರು.

ಸಂಜೆ ನಾಲ್ಕೂವರೆಗೆ ಅಂಧೇರಿಗೆ ಹೋದೆವು. ಸ್ಟೇಶನ್ನಿನಿಂದ ರಿಕ್ಷಾ, ಸಣ್ಣಪುಟ್ಟ ಕಾರ್ಖಾನೆಗಳ ಓಣಿಯ ಕೊನೆಗೆ ಆ ಛಾಪಖಾನೆ. ಬಾಗಿಲಲ್ಲಿ ನಿಂತ ಹುಡುಗಿ ನನ್ನ ಕೈ ಹಿಡಿದು, ಒಳಗೆ ಬಿಟ್ಟ ಗುರುತಿಗೆ ಮುಂಗೈ ಮೇಲೆ ನೀಲಿ ಮುದ್ರೆ ಒತ್ತಿದಳು. ಅರವತ್ತೊಂದನೇ ವಯಸ್ಸಿಗೆ ನನ್ನ ಮೇಲೆ ಟಪಾಲು ಮುದ್ರೆ ಬಿತ್ತು! ಒಳಗೆ ಅಂಗಳದ ತುಂಬ ಬಾದಾಮಿ ಮರದ ನೆರಳು. ಒಂದು ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆ, ಅದೇ ವೇದಿಕೆ. ಎದುರು ಮೂಲೆಯಲ್ಲಿ ತಗಡಿನ ಚಪ್ಪರದ ಕೆಳಗೆ ಬಾರು. ಹಳೇ ಅಚ್ಚಿನ ಮೊಳೆ ಇಡುತ್ತಿದ್ದ ಮರದ ಖಾನೆಗಳಲ್ಲೇ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ನೂರು ಜನ ಇದ್ದಾರು, ಹೆಚ್ಚಿನವರು ನನ್ನ ಅರ್ಧ ವಯಸ್ಸಿನವರು. ಬಿಯರ್ ಗ್ಲಾಸು ಹಿಡಿದವರು ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟರು. ನಾನು ಬಾರಿನ ಪಕ್ಕದ ಎತ್ತರದ ಸ್ಟೂಲೇ ಸಾಕೆಂದೆ. ಅಲ್ಲಿಂದ ಎದ್ದುಹೋಗುವುದು ಸುಲಭ ಎಂದು ಒಳಗೊಳಗೆ ಲೆಕ್ಕ ಹಾಕಿದ್ದೆ.

ಬಾರಿನ ಹಿಂದೆ ನಿಂತಿದ್ದ ನಡುವಯಸ್ಸಿನ ಗಂಡಸು ನನ್ನ ಸೀರೆ, ಕುಂಕುಮ ನೋಡಿ, “ಎಂತ ಕೊಡ್ಲಿ ಅಮ್ಮ? ಸುಮತಿ ಮೇಡಂ ಅಕ್ಕ ಅಲ್ವಾ ನೀವು?” ಎಂದು ಕೇಳಿದ. ಹೆಸರು ಭೋಜ, ಬೈಂದೂರು ಕಡೆಯವನು. ಮೊದಲು ಹೋಟೆಲಿನಲ್ಲಿದ್ದನಂತೆ. ನಾನು ಹೇಳುವ ಮೊದಲೇ ಕೋಕಂ ಸೋಡಾ ಮಾಡಿಕೊಟ್ಟ.

“ಇಲ್ಲಿ ಭಾಳ ಗದ್ದಲ ಇರತೈತೇನು?” ನಾನು ಬಾಗಿ ಕೇಳಿದೆ.

“ಇರ್ತದೆ. ಆದ್ರೆ ಮೇಡಂ ಆ ನೀರಿನ ಹಾಡು ಹಾಡುವಾಗ ನಾನು ಗ್ಲಾಸ್ ತೊಳೆಯುದಿಲ್ಲ. ನಡುವೆ ನಡುವೆ ಸುಮ್ಮನೆ ನಿಲ್ತಾರೆ ಅಲ್ವಾ, ಆಗ ಗ್ಲಾಸಿನ ಶಬ್ದ ಕೇಳ್ತದೆ.”

ಅವನು ಹೇಳಿದ್ದು ನನಗೆ ಅರ್ಥವಾಗಲಿಲ್ಲ. ಆ ಹಾಡಿನಲ್ಲಿ ನಿಲ್ಲುವ ಜಾಗವೇ ಇಲ್ಲ.

ಐದೂಕಾಲಿಗೆ ಶುರುವಾಯಿತು. ಮೊದಲ ಮೂರು ಹಾಡು ಹಿಂದಿ, ಮರಾಠಿ. ಎಲ್ಲ ಅವರವರೇ ಕಟ್ಟಿದ್ದು. ಗಿಟಾರು ನುಡಿಸುವ ಹುಡುಗಿ ತನ್ವಿಯೇ ಸುಮತಿಯ ಆ ಹಳೆಯ ವಿದ್ಯಾರ್ಥಿನಿ. ಅವಳೂ ಹಾಡುತ್ತಿದ್ದಳು, ದನಿ ಸ್ವಚ್ಛವಾಗಿತ್ತು. ಡ್ರಮ್ಮಿನ ಏಟು ಸ್ಟೂಲಿನ ಕಾಲಿನಿಂದ ನನ್ನ ಬೆನ್ನಿಗೆ ಹತ್ತುತ್ತಿತ್ತು. ನಾಲ್ಕನೆಯದಕ್ಕೆ ಸುಮತಿ ಮೈಕಿನ ಹತ್ತಿರ ಬಂದಳು. ನನ್ನ ಕಡೆ ನೋಡಲಿಲ್ಲ.

ಗಿಟಾರು ಒಂದೇ ತಂತಿಯಲ್ಲಿ ಟಪ್ ಟಪ್ ಎಂದು, ನಲ್ಲಿ ತೊಟ್ಟಿಕ್ಕಿದ ಹಾಗೆ, ಎಂಟು ಮಾತ್ರೆ ನಡೆಯಿತು. ಯಾರೂ ಹಾಡಲಿಲ್ಲ. ಆಮೇಲೆ ಸುಮತಿ, “ಬರಲಿಲ್ಲಕ್ಕಾ, ಇನ್ನೂ ಬರಲಿಲ್ಲ,” ಎಂದಳು. ಮತ್ತೆ ಎಂಟು ಮಾತ್ರೆ ಖಾಲಿ. “ನಮ್ಮ ಕೊಡಾನ ಮುಂದೈತಿ, ನಲ್ಲಿಗಿನ್ನೂ ನಿದ್ದಿ ಐತಿ.” ಮತ್ತೆ ಖಾಲಿ.

ಅವಳು ಬರೇ ಉತ್ತರಗಳನ್ನು ಹಾಡುತ್ತಿದ್ದಳು. ನನ್ನ ಪ್ರಶ್ನೆಗಳ ಜಾಗವನ್ನು ಹಾಗೇ ಬಿಟ್ಟಿದ್ದಳು. ಅಲ್ಲಿದ್ದವರಿಗೆ ಅದು ಹಾಡಿನ ಒಂದು ರೀತಿ ಅನಿಸಿರಬೇಕು. ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ನನಗೊಬ್ಬಳಿಗೇ ಎರಡೂ ಪಾಲು ಕೇಳಿಸುತ್ತಿತ್ತು. ಪ್ರತಿ ಖಾಲಿ ಜಾಗಕ್ಕೂ ನನ್ನ ಬಾಯಿ ತಾನಾಗಿ ತೆರೆಯುತ್ತಿತ್ತು, ಏನೂ ಹೊರಗೆ ಬರುತ್ತಿರಲಿಲ್ಲ. ಕೊನೆಗೆ ಅವಳು “ಬಂತಕ್ಕಾ, ಬಂತು” ಎಂದಾಗ ಅಂಗಳವೆಲ್ಲ ಚಪ್ಪಾಳೆ. ಭೋಜ ಒಂದು ಕಾಗದದ ಕರವಸ್ತ್ರ ನನ್ನ ಮುಂದೆ ತಳ್ಳಿ, ಬೆನ್ನು ತಿರುಗಿಸಿ ಬಾಟಲಿ ಒರೆಸತೊಡಗಿದ.

ನಡುವಿನ ಬಿಡುವಿನಲ್ಲಿ ಸುಮತಿ, ತನ್ವಿ ಇಬ್ಬರೂ ಬಾರಿಗೆ ಬಂದರು. ತನ್ವಿ ಅಂಧೇರಿಯಲ್ಲೇ ಹುಟ್ಟಿದವಳು, ತಂದೆ ತಾಯಿ ಮಂಗಳೂರಿನವರು. “ಆಂಟಿ, ನಂಗೆ ಕನ್ನಡ ಸಮಝ್ ಆಗ್ತದೆ, ಮಾತಾಡ್ಲಿಕ್ಕೆ ಥೋಡಾ...” ಎಂದು ನಾಚಿದಳು.

“ಅಕ್ಕಾ,” ಎಂದಳು ಸುಮತಿ, “ನಮ್ಮ ಬ್ಯಾಂಡಿನವರು ಈ ಹಾಡು ರೆಕಾರ್ಡ್ ಮಾಡೂಣು ಅಂತಾರ. ಖಾಲಿ ಜಾಗಾ ತನ್ವಿ ಹಾಡಲಿ ಅಂತಾರ. ನಾ ಎರಡು ವರ್ಷದಿಂದ ಬ್ಯಾಡ ಅನಕೋತ ಬಂದೀನಿ. ಅದು ನಿಂದು. ನೀ ಹೂಂ ಅಂದರ ತನ್ವಿಗೆ ಕಲಿಸು, ಇಲ್ಲಂದರ ಹಿಂಗ ಇರಲಿ.”

“ಇಲ್ಲ,” ಎಂದೆ. ಯೋಚನೆಯನ್ನೇ ಮಾಡಲಿಲ್ಲ, ಆ ಮಾತು ತಾನೇ ಹಾರಿ ಬಂತು. ತನ್ವಿ “ಇಟ್ಸ್ ಓಕೆ ಆಂಟಿ” ಎಂದು ನೀರು ಕುಡಿದು ಹೋದಳು. ಸುಮತಿ ನನ್ನ ಮೊಣಕೈ ಒಮ್ಮೆ ಹಿಡಿದು ಬಿಟ್ಟಳು. ಉಳಿದ ಹಾಡುಗಳಲ್ಲಿ ಒಂದೂ ನನ್ನ ತಲೆಯಲ್ಲಿ ನಿಲ್ಲಲಿಲ್ಲ.

ಏಳರ ಸುಮಾರಿಗೆ ಅಂಧೇರಿಯಿಂದ ಲೋಕಲ್ ಹಿಡಿದೆವು. ಗೋರೆಗಾಂವ ದಾಟಿತು. ಆಮೇಲೆ ನಾನು ಅವಳ ಕಿವಿಯ ಹತ್ತಿರ ಬಾಗಿ ಹೇಳಿದೆ: “ಸುಮೀ, ನೀ ಫೋನಿನಾಗ ಹಾಡು ಗುನುಗಿದಾಗೆಲ್ಲ ನಾ ಫೋನ್ ಬಾಜೂಕಿಡತಿದ್ದೆ. ಒಂದು ಸಲಾನೂ ಕೇಳಿಲ್ಲ. ಹೊಟ್ಟೆಕಿಚ್ಚಿಗೆ.”

“ನಂಗ ಗೊತ್ತಿತ್ತು,” ಎಂದಳು ಅವಳು. “ಬಾಜೂಕಿಟ್ಟಾಗ ನಿನ್ನ ಮನಿ ಫ್ಯಾನಿನ ಸಪ್ಪಳ ಕೇಳತಿತ್ತಲ್ಲ.”

“ಮತ್ತ ಯಾಕ ಹಾಡತಿದ್ದಿ?”

“ಒಂದಿನ ಫ್ಯಾನ್ ಸಪ್ಪಳ ಕೇಳಸಲಿಕ್ಕಿಲ್ಲ ಅಂತ.”

ಬೊರಿವಲಿ ಬಂತು. ಇಳಿಯುವ ಜನರ ನೂಕಿನಲ್ಲಿ ಅವಳ ಸೆರಗು ಹಿಡಿದುಕೊಂಡೇ ಇಳಿದೆ.

ಸೋಮವಾರ ಬೆಳಿಗ್ಗೆ ಚಹಾ ಕುಡಿಯುತ್ತ, ತನ್ವಿಯನ್ನು ಕರೆಯಲು ಹೇಳಿದೆ. ಸುಮತಿ ಶಾಲೆಗೆ ರಜೆ ಹಾಕಿದ್ದಳು. ಯಾಕೆ ಎಂದು ಕೇಳದೆ ಫೋನು ಮಾಡಿದಳು. ಹತ್ತು ಗಂಟೆಗೆ ಹುಡುಗಿ ಬಂದಳು, ಗಿಟಾರು ತಂದಿರಲಿಲ್ಲ.

ನನ್ನ ಪ್ರಶ್ನೆಗಳನ್ನು ಅವಳಿಗೆ ಕಲಿಸಬೇಕಿತ್ತು, ಹಾಡಿ ತೋರಿಸಲು ನನ್ನಿಂದಾಗದು. ಮಾತನ್ನು ಪಿಸುಗುಟ್ಟಿದೆ, ಏರಿಳಿತವನ್ನು ಕೈಯಲ್ಲಿ ತೋರಿಸಿದೆ. ಎಲ್ಲಿ ತಪ್ಪಿದರೂ ಸುಮತಿ ಅಡಿಗೆಮನೆಯಿಂದ “ಹಂಗಲ್ಲ” ಎನ್ನುತ್ತಿದ್ದಳು. ಒಂದು ತಾಸಿನಲ್ಲಿ ತನ್ವಿಗೆ ಎಲ್ಲ ಪ್ರಶ್ನೆಗಳೂ ಬಂದವು. ಚೆನ್ನಾಗಿ ಹಾಡುತ್ತಿದ್ದಳು. ಆದರೆ ‘ತಂಗೀ’ ಅನ್ನುವಲ್ಲಿ ದನಿ ಸ್ವಲ್ಪ ಒತ್ತಿ ಒಡೆಯಬೇಕು, ಅದೊಂದು ಬರಲಿಲ್ಲ. ಹತ್ತು ಸಲ ಹೇಳಿಸಿದೆ. ಬಹಳ ನಯವಾಗಿತ್ತು.

“ಆಂಟಿ, ನೀವು ಹ್ಯಾಗೆ ಮಾಡ್ತಿದ್ದಿರಿ?”

ನನಗೇ ಗೊತ್ತಿರಲಿಲ್ಲ. ನೆನಪು ಮಾಡಿಕೊಳ್ಳಲು ಕಣ್ಣು ಮುಚ್ಚಿದೆ. ಚಾಳಿನ ಗ್ಯಾಲರಿಯ ಕಟಕಟೆ ಹೊಟ್ಟೆಗೆ ಒತ್ತಿದ್ದು ನೆನಪಾಯಿತು. ಕೆಳಗೆ ತಂಗಿ ಕಾಣಬೇಕೆಂದು ನಾನು ಅದರ ಮೇಲೆ ಪೂರಾ ಬಾಗುತ್ತಿದ್ದೆ. ಹಾಡಿನ ಒಡಕು ಆ ಬಾಗುವಿಕೆಯಿಂದ ಬಂದದ್ದು!

ತನ್ವಿಯ ಕೈ ಹಿಡಿದು ಬಾಲ್ಕನಿಗೆ ಕರೆದೊಯ್ದೆ. ಸುಮತಿಯ ಮನೆಯೂ ಮೂರನೇ ಮಾಳಿಗೆ. “ಸುಮೀ, ಕೆಳಗ ಹೋಗು,” ಎಂದೆ. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ಹೋಗಿ ಬಿಲ್ಡಿಂಗಿನ ಕಾಂಪೌಂಡಿನಲ್ಲಿ, ನಿಂತ ಸ್ಕೂಟರುಗಳ ನಡುವೆ ನಿಂತಳು. ವಾಚ್‌ಮನ್ ಕುರ್ಚಿಯಿಂದ ಎದ್ದ. ತನ್ವಿಯನ್ನು ಕಟಕಟೆಗೆ ಬಾಗಿಸಿ ಬೆನ್ನ ಮೇಲೆ ಕೈ ಇಟ್ಟು, ಅವಳ ಕಿವಿಯಲ್ಲಿ, “ಕೆಳಗ ನಿನ್ನ ತಂಗಿ ಕುಂತಾಳ. ನಿದ್ದಿಗಣ್ಣಾಗ ಅದಾಳ. ಕೂಗು,” ಎಂದೆ.

“ನೀರು ಬಂತೇನ ತಂಗೀ, ನೀರು ಬಂತೇನ?”

ದನಿ ಒಡೆಯಿತು. ಸರಿಯಾದ ಜಾಗದಲ್ಲಿ ಒಡೆಯಿತು. ನನ್ನ ಅಂಗೈ ಕೆಳಗೆ ಹುಡುಗಿಯ ಬೆನ್ನು ನಡುಗಿದ್ದು ತಿಳಿಯಿತು.

ಕೆಳಗೆ ಸುಮತಿ ಕತ್ತೆತ್ತಿದಳು. ಆಮೇಲೆ, “ಬರಲಿಲ್ಲಕ್ಕಾ, ಇನ್ನೂ ಬರಲಿಲ್ಲ,” ಎಂದು ಹಾಡಿದಳು. ಕೇಳಿದವಳು ತನ್ವಿ, ಉತ್ತರ ಕೊಡುವಾಗ ತಂಗಿ ನೋಡಿದ್ದು ನನ್ನನ್ನು. ನನಗೆ ಸಂತೋಷವೂ ಆಯಿತು. ಆ ದನಿ ನನ್ನದಲ್ಲ ಎಂಬ ಸಂಕಟವೂ ಆಯಿತು. ಎರಡರಲ್ಲಿ ಯಾವುದೂ ಇನ್ನೊಂದನ್ನು ಕಡಿಮೆ ಮಾಡಲಿಲ್ಲ. ಎದುರಿನ ಬಿಲ್ಡಿಂಗಿನ ಕಿಟಕಿಗಳಲ್ಲಿ ಎರಡು ಮೂರು ತಲೆ ಕಾಣಿಸಿಕೊಂಡವು. ಹಾಡು ಪೂರ್ತಿಯಾಗುವವರೆಗೆ ಯಾರೂ ಒಳಗೆ ಹೋಗಲಿಲ್ಲ.

ಮರುದಿನ ದಾದರಿನಿಂದ ವಾಪಸು ಹೊರಟೆ. ಸುಮತಿ ಪ್ಲಾಟ್‌ಫಾರ್ಮಿನಲ್ಲಿ ಗಾಡಿಯ ಜೊತೆ ನಾಲ್ಕು ಹೆಜ್ಜೆ ನಡೆದು, ಕಂಬದ ಹತ್ತಿರ ನಿಂತುಬಿಟ್ಟಳು. ಕಾಣುವವರೆಗೂ ನೋಡಿದೆ.

ಬುಧವಾರ ಬೆಳಿಗ್ಗೆ ಬೆಳಗಾವಿಯಲ್ಲಿ ಚಹಾ ಬಂತು. ಎದುರು ಸೀಟಿನ ಹೆಂಗಸು ಹುಬ್ಬಳ್ಳಿಯವರು, ಮಗಳ ಬಾಣಂತನ ಮುಗಿಸಿ ಹೊರಟಿದ್ದರು. “ನೀವು ಮುಂಬೈಕ ಯಾಕ ಹೋಗಿದ್ರಿ?” ಎಂದು ಕೇಳಿದರು.

“ತಂಗಿ ಹಾಡು ಕೇಳಾಕ.”

“ಚಲೋ ಹಾಡತಾರೇನ್ರಿ?”

“ಭಾಳ ಚಲೋ ಹಾಡತಾಳ,” ಎಂದೆ. ಆಮೇಲೆ, ಧಾರವಾಡಕ್ಕೆ ಬಂದ ಹದಿನಾಲ್ಕು ವರ್ಷದಲ್ಲಿ ನೆರೆಮನೆಯವರಿಗೂ ಹೇಳದಿದ್ದ ಮಾತನ್ನು, ಹೆಸರು ಕೂಡ ಗೊತ್ತಿಲ್ಲದ ಆ ಹೆಂಗಸಿಗೆ ಹೇಳಿದೆ: “ನಾನೂ ಹಾಡತಿದ್ದೆ.”

ನನ್ನ ದನಿ ಅವರಿಗೆ ಸರಿಯಾಗಿ ಕೇಳಿಸಲಿಲ್ಲ. ಚಹಾದ ಕಪ್ಪು ಕೆಳಗಿಟ್ಟು, ಸೀಟಿನ ಅಂಚಿಗೆ ಸರಿದು, ಕಿವಿ ನನ್ನ ಹತ್ತಿರ ತಂದರು. “ಏನಂದ್ರಿ?”

ಇನ್ನೊಂದು ಸಲ ಹೇಳಿದೆ.