ಖಡಿ ಇಳೀಲಾರದ ಬೀಮು

ಆಗ ನನಗ ಅರವತ್ತೆರಡು ವರ್ಷ. ಅದಾಗಿ ಆರು ವರ್ಷ ಆತು. ನೇಸರಗಿಯ ನಮ್ಮ ಹಿತ್ತಲದಾಗ ಹೊಸ ಖೋಲಿಗೆ ಸ್ಲ್ಯಾಬ್ ಹಾಕಿದ ದಿನ ಅದು. ಅದರ ಮಾತು ತಗದ್ರ ನನಗ ಈಗೂ ಕುಂತಲ್ಲೇ ಕುಂಡ್ರಾಕ ಆಗೂದಿಲ್ಲ.

ನಾ ಸಾಲಿ ಕಲತದ್ದು ಎರಡನೇತ್ತೆ. ಸಹಿ ಮಾಡತೇನಿ, ಬಸ್ಸಿನ ಬೋರ್ಡ್ ಓದತೇನಿ, ಇದನ್ನ ಬರಿಯಾಕ ಬಾಳ ದಿನ ಹಿಡೀತು. ಆದ್ರ ಖಡಕ್ ರೊಟ್ಟಿ ನನ್ನಂಗ ಬಡಿಯಾಕಿ ಈ ಸುತ್ತಿನಾಗ ಇಲ್ಲ. ಹೇಳಿಕೊಳ್ಳಾಕ ನನಗೇನ ನಾಚಿಕಿ ಇಲ್ಲ. ಬೈಲಹೊಂಗಲ, ಸವದತ್ತಿ ಖಾನಾವಳಿಗಳಿಗೆ ನಮ್ಮ ರೊಟ್ಟಿನ ಹೋಗತಾವ. ಓಣಿಯ ಹೆಣಮಕ್ಕಳು ಬಂದು ನನ್ನ ಜೋಡಿ ಕುಂತು ಬಡೀತಾರ. ಮದಲ ತಗಡಿನ ಶೆಡ್ ಇತ್ತು. ಬ್ಯಾಸಗ್ಯಾಗ ಕೆಳಗ ಒಲಿ ಕಾವು, ಮ್ಯಾಲ ತಗಡಿನ ಕಾವು, ನಡುವ ನಾವೂ ಬೇಯ್ತಿದ್ವಿ. ಅದಕ್ಕ ಕಾಂಕ್ರೀಟಿನ ದೊಡ್ಡ ಖೋಲಿ ಕಟ್ಟಸೂದು ಅಂತ ಠರಾವ್ ಆತು. ನಡುವ ಕಂಬ ಇದ್ರ ರೊಟ್ಟಿ ಬುಟ್ಟಿ ಹೊತ್ತು ಓಡ್ಯಾಡಾಕ ಬರೂದಿಲ್ಲ, ಕಂಬ ಬ್ಯಾಡ ಅಂದೆ ನಾನು. ಹಂಗಾಗಿ ಆ ಗ್ವಾಡಿಯಿಂದ ಈ ಗ್ವಾಡಿಗೆ ಒಂದು ದೊಡ್ಡ ಬೀಮು ಬಂತು. ನಾವೆಲ್ಲಾ ಅದರ ಕೆಳಗ ಕುಂಡ್ರಾವ್ರು.

ನಮ್ಮ ಯಜಮಾನ್ರು ಹುಟ್ಟಿ ಬೆಳದದ್ದು ಹೂಲಿ ಕಡೆ, ಮಣ್ಣಿನ ಮಾಳಗಿ ಮನ್ಯಾಗ. ಆ ಮನಿಗಳ ಲೆಕ್ಕ ಬ್ಯಾರೆ. ಗ್ವಾಡಿ ಮ್ಯಾಲ ದಪ್ಪ ತೊಲಿ, ತೊಲಿ ಮ್ಯಾಲ ಸಾಲಾಗಿ ಜಂತಿ, ಜಂತಿ ಮ್ಯಾಲ ಸಣ್ಣ ಕಟಗಿ, ಬೇವಿನ ತಪ್ಪಲ, ಆಮ್ಯಾಲ ಮಣ್ಣು. ಜಂತಿ ಎಷ್ಟು ಒತ್ತೊತ್ತಾಗಿ ಇರತಾವೋ ಮನಿ ಅಷ್ಟು ಗಟ್ಟಿ, ಮನಿತನ ಅಷ್ಟು ದೊಡ್ಡದು. ಹೆಣ್ಣು ಕೊಡಾಕ ಬಂದವ್ರು ಮದಲ ಗೋಣ ಎತ್ತಿ ಜಂತಿ ನೋಡತಿದ್ರು, ವರನ ಮಾರಿ ಆಮ್ಯಾಲ. ನಮ್ಮಪ್ಪನೂ ಜಂತಿ ನೋಡೇ ನನ್ನ ಕೊಟ್ಟಾಂವ. ಮಾರಿ ನೋಡಿದ್ರ ಕೊಡತಿದ್ದಿಲ್ಲ.

ಕಾಲ ಬದಲಾಗಿ ಕಾಂಕ್ರೀಟ್ ಬಂದ್ರೂ ಅವರ ತಲ್ಯಾಗಿನ ಜಂತಿ ಹೋಗಲಿಲ್ಲ. ಅವರ ಪಾಲಿಗೆ ಕಬ್ಬಣ ಅಂದ್ರ ಜಂತಿ, ಕಾಂಕ್ರೀಟ್ ಅಂದ್ರ ಮ್ಯಾಲ ಸುರಿಯೂ ಮಣ್ಣು. ಧಾರವಾಡದಾಗ ಇಂಜಿನಿಯರ್ ಇರೂ ನನ್ನ ತಂಗಿ ಮಗಳು ಖೋಲಿಯ ನಕಾಶಿ ಹಾಕಿಕೊಟ್ಟಿದ್ಲು. ಬೀಮಿಗೆ ಅಕಿ ಬರದ ಸರಳು ನೋಡಿ ಇವರಿಗೆ ಅವಮಾನ ಆದಂಗ ಆತು. "ಇಷ್ಟು ಕಬ್ಬಣ ಕೋಳಿಗೂಡಿಗೆ ಹಾಕತಾರ" ಅಂದ್ರು. ಅಕಿಗೆ ಒಂದ ಮಾತು ಕೇಳದ ಅದರ ಮ್ಯಾಲ ಮತ್ತ ಅಷ್ಟು ಹಾಕ್ಸಿದ್ರು. ಉಳದ ಸಂದಿನಾಗೂ ತುರುಕಿಸಿದ್ರು. ಗೌಂಡಿ ಶಾಣ್ಯಾ ಮನಶ್ಯಾ. "ಹಾಕಸಾವ್ರು ನೀವು, ಕಟ್ಟಾವ್ರು ನಾವು" ಅಂದು ತಂತಿ ಬಿಗದ.

ಸುದ್ದಿ ಓಣಿ ತುಂಬ ಆತು. ಮಂದಿ ನಿಚ್ಚಣಿಕಿ ಹತ್ತಿ ಬೀಮು ನೋಡಿ ಹೋಗಾಕ ಹತ್ತಿದ್ರು. ಬಾಜೂ ಮನಿಯಾಕಿ ಇಳದು ಬಂದು, "ಯಕ್ಕಾ, ಖೋಲಿ ಮ್ಯಾಲ ರೈಲು ಬಿಡಾವ್ರದೀರೇನ?" ಅಂದ್ಲು. ಅಕಿ ಚಾಷ್ಟಿ ಮಾಡಿದ್ಲು. ನಮ್ಮ ಯಜಮಾನ್ರು ಹೊಗಳಿಕಿ ಅಂತ ತಿಳದು ಮೀಸಿ ತಿರುವಿದ್ರು.

ಸ್ಲ್ಯಾಬ್ ದಿನ ಅಂದ್ರ ಏನು ಗದ್ದಲ ಅಂತೀರಿ! ಹೊತ್ತು ಏರೂದರಾಗ ಮಿಕ್ಸರ್ ಗಾಡಿ ಬಂದು ಗಡಗಡ ಅನ್ನಾಕ ಹತ್ತಿತ್ತು. ಹಿತ್ತಲ ತುಂಬ ಉಸುಕು, ಕಾಂಕ್ರೀಟಿಗೆ ಹಾಕೂ ಖಡಿಕಲ್ಲು, ಸಿಮೆಂಟಿನ ಚೀಲ. ಬುಟ್ಟಿ ಹೊರಾವ್ರು ಸಾಲಾಗಿ ನಿಂತಿದ್ರು. ಒಂದ ಕಡೆ ಗೋದಿ ಹುಗ್ಗಿ ಕುದಿಯಾಕ ಹತ್ತಿತ್ತು. ಸ್ಲ್ಯಾಬ್ ಹಾಕಿದವ್ರಿಗೆ ಸಿಹಿ ಉಣಿಸದ ಕಳಸೂದು ನಮ್ಮಲ್ಲಿ ಇಲ್ಲ. ನಾ ಸೀರಿ ಕಚ್ಚಿ ಹಾಕಿ ಮ್ಯಾಲ ಕೆಳಗ ಓಡ್ಯಾಡತಿದ್ದೆ. ಕಾಯಿ ಒಡದಿದ್ವಿ. ಇನ್ನೇನ ಮದಲನೇ ಬುಟ್ಟಿ ಎತ್ತಬೇಕು, ತಂಗಿ ಮಗಳು ಸ್ಕೂಟರ್ ಮ್ಯಾಲ ಬಂದ್ಲು.

ಹೆಲ್ಮೆಟ್ ತಗೀದನ ನಿಚ್ಚಣಿಕಿ ಹತ್ತಿದ್ಲು. ಬೀಮಿನ ಹಂತ್ಯಾಕ ಹೋಗಿ ನಿಂತ್ಲು. ಬೆರಳು ತುರುಕಿ ನೋಡಿದ್ಲು, ಬೆರಳು ಹೋಗಲಿಲ್ಲ.

"ದೊಡ್ಡಪ್ಪಾ, ಇದೇನಿದು?"

"ಕಬ್ಬಣ" ಅಂದ್ರು ಇವರು. "ನಿನ್ನ ಪೆನ್ಸಿಲ್ಲಿಗಿಂತ ಗಟ್ಟಿ ಐತಿ."

"ಕಾಂಕ್ರೀಟ್ ಎಲ್ಲಿ ಹಾದು ಕೆಳಗ ಹೋಗಬೇಕು?"

"ಕೆಳಗ ಯಾಕ ಹೋಗಬೇಕು? ಮ್ಯಾಲ ಕುಂಡ್ರತೈತಿ. ಹೊರಾದು ಕಬ್ಬಣ. ನವಿಲುತೀರ್ಥದ ಡ್ಯಾಮ್ ನೋಡೀ ಇಲ್ಲೋ? ಅಷ್ಟು ನೀರ ಹಿಡದು ನಿಂತೈತಿ ಅಂದ್ರ ಒಳಗ ಎಷ್ಟು ಕಬ್ಬಣ ಇರಬೇಕು!"

"ಡ್ಯಾಮ್ ತನ್ನ ಭಾರಕ್ಕ ನಿಂತೈತಿ ದೊಡ್ಡಪ್ಪಾ. ಅದಕ್ಕೂ ಈ ಬೀಮಿಗೂ ಸಂಬಂಧ ಇಲ್ಲ. ಮಿಕ್ಸರ್ ಬಂದ್ ಮಾಡ್ಸು. ನಾ ಹೂಂ ಅನ್ನೂತನಕ ಇಲ್ಲೆ ಒಂದ ಬುಟ್ಟಿನೂ ಬೀಳಬಾರ್ದು."

ಮಿಕ್ಸರಿನಾಂವ ಬಂದ್ ಮಾಡ್ಲಿಲ್ಲ. "ನಿಂತ್ರೂ ನನಗ ಬಾಡಿಗಿ ಬೀಳತೈತ್ರಿ, ತಿರಗಲಿ ಬಿಡ್ರಿ" ಅಂದ. ಇವರು "ಹಾಕ್ರೋ" ಅನ್ನೂದು, ಅಕಿ "ಹಾಕಬ್ಯಾಡ್ರಿ" ಅನ್ನೂದು. ಬುಟ್ಟಿ ಹೊರಾವ್ರು ಅವರ ಮಾರಿ ಇವರ ಮಾರಿ ನೋಡಕೋತ ನಿಂತ್ರು. ಗೌಂಡಿ ನಡುವ ಬಾಯಿ ಹಾಕಿದ: "ವೈಬ್ರೇಟರ್ ಹಚ್ಚಿದ್ರ ಇಳೀತೈತ್ರಿ ಮೇಡಮ್ಮಾರ." ಕಾಂಕ್ರೀಟ್ ನಡಗಿಸಿ ಕೆಳಗ ಇಳಸೂ ಮಷೀನು ಅದು, ಆನಿ ಸೊಂಡಿಲಿನಂಗ ಉದ್ದ ಕೊಳಾಯಿ ಇರತೈತಿ. "ತುರುಕು ನೋಡೂಣು" ಅಂದ್ಲು ಅಕಿ. ಅವ ಅಲ್ಲಿ ಒತ್ತಿದ, ಇಲ್ಲಿ ಒತ್ತಿದ. ಸರಳಿನ ಮ್ಯಾಲ ಕಟಕಟ ಬಡೀತ ಹೊರತು ಒಂದ ಕಡೆನೂ ಒಳಗ ಹೋಗಲಿಲ್ಲ.

ನನಗ ನಕಾಶಿ ತಿಳೀದಿದ್ರೂ ಜರಡಿ ತಿಳೀತೈತಿ. ಒಂದ ಬುಟ್ಟಿ ಖಡಿ ಹೊತ್ತು ನಾನ ನಿಚ್ಚಣಿಕಿ ಹತ್ತಿದೆ. "ಏ ಹುಚ್ಚಿ, ಬಿದ್ದೀ" ಅಂದ್ರು ಇವರು. "ಬಿದ್ರ ನಿಮ್ಮ ಕಬ್ಬಣದ ಮ್ಯಾಲ ಬೀಳತೇನಿ, ಗಟ್ಟಿ ಐತೆಲ್ಲಾ" ಅಂದೆ. ಬೀಮಿನ ಮ್ಯಾಲ ಖಡಿ ಸುರುವಿದೆ. ಹಿಟ್ಟಿನ ಜರಡ್ಯಾಗ ಹಳ್ಳು ನಿಂತಂಗ ಎಲ್ಲಾ ಮ್ಯಾಲ ನಿಂತ್ವು. ಕೆಳಗಿನ ಹಲಗಿ ಮ್ಯಾಲ ಟಣ್ ಅಂತ ಒಂದೂ ಬೀಳಲಿಲ್ಲ. ಹಿತ್ತಲದಾಗಿನ ಮಂದಿ ಹೋ ಅಂತ ನಕ್ಕರು.

"ಕೆಳಗ ಪೊಳ್ಳು ಉಳೀತೈತಿ ದೊಡ್ಡವ್ವಾ" ಅಂದ್ಲು ಅಕಿ. "ಜೇನುಹುಟ್ಟಿನಂಗ. ನೀರು ಹೊಕ್ಕು ಕಬ್ಬಣ ತುಕ್ಕ ಹಿಡೀತೈತಿ."

ಇವರು ಇನ್ನೂ ಬಗ್ಗಲಿಲ್ಲ. "ಖಡಿ ಸಣ್ಣದು ತರಸೂಣು. ತಿಳು ಕಲಸಿ ಹಾಕೂಣು. ಹಾಕಿದ ಕಬ್ಬಣ ಬಿಚ್ಚಿದ್ರ ಊರು ನಗತೈತಿ. ಹೆಚ್ಚ ಹಾಕಿದ್ದು ಎಂದಾರ ಕೆಡಕ ಆಕ್ಕೈತೇನು?"

ಆಗ ಅಕಿ ದನಿ ಸಣ್ಣ ಮಾಡಿದ್ಲು. "ಆಕ್ಕೈತಿ ದೊಡ್ಡಪ್ಪಾ. ಕಬ್ಬಣ ಹದಕ್ಕ ಇದ್ರ, ಭಾರ ಮಿತಿ ಮೀರಿದಾಗ ಮದಲ ಕಬ್ಬಣ ಜಗ್ಗತೈತಿ. ಬೀಮು ಬಾಗತೈತಿ, ಬಿರುಕು ಬಿಡತೈತಿ. ಕೆಳಗ ಇದ್ದವ್ರು ನೋಡಿ ಹೊರಗ ಓಡಬಹುದು. ಕಬ್ಬಣ ಅತಿ ಆದ್ರ ಅದು ಜಗ್ಗೂದಿಲ್ಲ, ಬಾಗೂದಿಲ್ಲ. ಮ್ಯಾಲಿನ ಕಾಂಕ್ರೀಟ್ ಒಮ್ಮಿಗೇ ಪುಡಿ ಆಗತೈತಿ. ಹೇಳದ ಕೇಳದ ಬೀಳತೈತಿ. ಕೆಳಗ ದೊಡ್ಡವ್ವ ಒಲಿ ಮುಂದ ಕುಂತಿರತಾಳ."

ಇವರು ಬೀಮಿನ ಕಡೆ ನೋಡಿದ್ರು, ನನ್ನ ಕಡೆ ನೋಡಿದ್ರು. ನನಗ ಗೊತ್ತಾತು ಯಾಕ ಅಂತ. ಸಣ್ಣವ್ರಿದ್ದಾಗ ಅವರ ಮನಿ ಮಾಳಗಿ ಬಿದ್ದಿತ್ತು. ಉಣ್ಣಾಕ ಕುಂತಾಗ ಗಂಗಾಳದಾಗ ಮಣ್ಣು ಉದರಿತಂತ, ತೊಲಿ ಕಿರ್ ಅಂತಂತ. ನಮ್ಮತ್ತಿ ಎರಡೂ ಮಕ್ಕಳ ರಟ್ಟಿ ಹಿಡದು ಅಂಗಳಕ್ಕ ಎಳದು ತಂದಾಗ ಹಿಂದ ಮಾಳಗಿ ಕುಂತಿತಂತ. ಲಗ್ನ ಆದಾಗಿಂದ ಕೇಳಿ ಕೇಳಿ ನನಗ ಬಾಯಿಪಾಠ ಆಗೇತಿ.

ಇವರು ಉಸುಕಿನ ಗುಂಪಿ ಮ್ಯಾಲ ಕುಂತ್ರು. "ನಮ್ಮ ಮಾಳಗಿ ಹೇಳಿ ಬಿದ್ದಿತ್ತವಾ" ಅಂದ್ರು. ಆಮ್ಯಾಲ ಒಮ್ಮೆಲೆ ಎದ್ದು ಗೌಂಡಿಗೆ ಒದರಿದ್ರು: "ಏನ ನೋಡ್ತೀಯೋ? ಬಿಚ್ಚು!"

"ನಿನ್ನಿ ಕಟ್ಟಸ್ತೀರಿ, ಇವತ್ತ ಬಿಚ್ಚಸ್ತೀರಿ" ಅಂದ ಗೌಂಡಿ.

"ಹಾಕಸಾವ್ರು ನಾವು, ಬಿಚ್ಚಾವ್ರು ನೀವು" ಅಂದೆ ನಾನು.

ಅಕಿ ಮುಂದ ನಿಂತು ಒಂದೊಂದ ಸರಳಿಗೆ ಸೀಮಿಸುಣ್ಣದಿಂದ ಗುರುತು ಹಾಕಿದ್ಲು, ಇದು ಇರಲಿ, ಇದು ಹೋಗಲಿ ಅಂತ. ತಂತಿ ಕತ್ತರಿಸಿ, ತುದಿ ಹಿಡದು ಜಗ್ಗಾಕ ಹತ್ತಿದ್ರು. ಬುಟ್ಟಿ ಹೊರಾವ್ರು ಬುಟ್ಟಿ ಇಟ್ಟು ಕೈ ಹಚ್ಚಿದ್ರು. ಬಾಜೂ ಮನಿಯಾಕಿಯ ಗಂಡ ಬಂದ, ರೊಟ್ಟಿ ಬಡಿಯೂ ಹೆಣಮಕ್ಕಳೂ ಬಂದ್ರು. ಹಗ್ಗ ಜಗ್ಗೂ ಆಟ ಆದಂಗ ಆತು. ಒಂದೊಂದ ಸರಳು ಕರ್ ಅಂತ ಹೊರಗ ಬಂದಾಗೂ "ಬಂತಲೇ!" ಅಂತ ಒದರತಿದ್ವಿ. ನನ್ನ ಅಂಗೈ ಸುಲದ್ವು, ನನಗ ಖಬರ್ ಇಲ್ಲ. ಇವರು ಎಲ್ಲಾರಕಿಂತ ಜೋರಾಗಿ ಜಗ್ಗಿದ್ರು. ಕಟ್ಟಿಸಿದ ಸಿಟ್ಟೆಲ್ಲಾ ಬಿಚ್ಚೂದರ ಮ್ಯಾಲ ತಗದ್ರು.

ಮಧ್ಯಾಹ್ನ ಇಳೀತು. ಅಕಿ ಮತ್ತ ಬೆರಳು ತುರುಕಿದ್ಲು. ಬೆರಳು ಹೋತು, ಕೈ ಹೋತು. ನಾ ಒಂದ ಮುಟಗಿ ಖಡಿ ಹಾಕಿದೆ. ಟಣ್ ಟಣ್ ಟಣ್! ಹಲಗಿ ಮ್ಯಾಲ ಬಿದ್ವು. ಅಕಿ ಹೂಂ ಅಂದ್ಲು. ಮಿಕ್ಸರಿನಾಂವ ಹೊಸದಾಗಿ ಮಾಲು ಕಲಸಿದ. ಬುಟ್ಟಿ ಮ್ಯಾಲ ಬುಟ್ಟಿ ಏರಿದ್ವು. ವೈಬ್ರೇಟರ್ ಮೂತಿ ಒಳಗ ಇಳದು ಗುಂಯ್ ಅಂತು, ಕಾಂಕ್ರೀಟ್ ಗುಳುಗುಳು ಅಂತ ಕೆಳಗ ಇಳೀತು, ಹಲಗಿ ಸಂದಿನ್ಯಾಗಿಂದ ಸಿಮೆಂಟಿನ ನೀರು ಒಸರಾಕ ಹತ್ತಿತು. ನಾ ಕೆಳಗ ನಿಂತು, "ಬಂತು, ಇಲ್ಲೀತನಕ ಬಂತು!" ಅಂತ ಒದರಿದೆ. ತಲಿ ಮ್ಯಾಲೆಲ್ಲಾ ರಾಡಿ ಬಿತ್ತು. ಬೀಳಲಿ.

ಹುಗ್ಗಿ ತಳ ಹಿಡದಿತ್ತು. ಎಲ್ಲಾರೂ ಹಂಗ ಉಂಡ್ರು. ಹೋಗೂ ಮುಂದ ಗೌಂಡಿ ಹೇಳಿದ: "ಅಮ್ಮಾರ, ತಳದ ಹಲಗಿ ಮುಟ್ಟಬ್ಯಾಡ್ರಿ. ಬದಿ ಹಲಗಿ ನಾಳೆ ಬಂದು ಬಿಚ್ಚತೇನಿ."

ನಾ ಅವನ ಹಾದಿ ಕಾಯಲಿಲ್ಲ. ಮರುದಿನ ಬೆಳಕ ಹರದ ಕೂಡಲೆ ಕಬ್ಬಣದ ಹಾರಿ ತಗೊಂಡು ಹೋಗಿ ಬೀಮಿನ ಬದಿ ಹಲಗಿ ಒಂದನ್ನ ಎಬ್ಬಿಸಿದೆ. ಹಲಗಿ ಬಿಟ್ಟು ಬಂತು. ಒಳಗ ಒಂದ ತೂತಿಲ್ಲ, ಒಂದ ಸರಳು ಕಾಣಲಿಲ್ಲ, ಈ ತುದಿಯಿಂದ ಆ ತುದಿತನಕ ನುಣ್ಣಗಿತ್ತು. ಬೆರಳಿನ ಗೆಣ್ಣಿಂದ ಬಡದು ನೋಡಿದೆ, ಗಟ್ಟಿ ಸಪ್ಪಳ. ಕೊಡ ತುಂಬಿಕೊಂಡು ಬಂದು ಅದರ ಮ್ಯಾಲ ನೀರು ಹೊಡದೆ.